ಮಾತಾಡಿ ಗುಂಡಿ ಬಿಡು

ನನ್ನ ಗಂಡ ಅಡಿವೆಪ್ಪ ಲಾರಿ ಓಡಿಸುತ್ತಿದ್ದರು. ಸಿಡ್ನಿಯಿಂದ ಮೆಲ್ಬರ್ನ್, ಮೆಲ್ಬರ್ನ್‌ನಿಂದ ಸಿಡ್ನಿ. ಇಲ್ಲಿ ಟ್ರಕ್ ಅನ್ನುತ್ತಾರೆ. ಅವರು ಕೊನೆಯತನಕ ಲಾರಿ ಅಂತಲೇ ಅಂದರು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕ್ ಆಗಿದ್ದರು, ಆ ಕೆಲಸದ ಮೇಲೆಯೇ ಇಲ್ಲಿ ಕಾಯಂ ಇರಲು ಪಿಆರ್ ಸಿಕ್ಕಿತು. ಇಲ್ಲಿಗೆ ಬಂದು ಕೆಲವು ವರ್ಷಕ್ಕೆ, ಗಾಡಿಯ ಕೆಳಗೆ ಮಲಗಿದ್ದು ಸಾಕು, ಇನ್ನು ಮೇಲೆ ಕೂರುತ್ತೇನೆ ಅಂದರು. ಕೂತರು.

ಲಾರಿಯಲ್ಲಿ ರೇಡಿಯೋ ಇತ್ತು. ಹಾಡು ಕೇಳುವುದಲ್ಲ, ಮಾತಾಡುವುದು. ಮುಂದೆ ಪೊಲೀಸ್ ಇದ್ದಾರೆ, ಕಾಂಗರೂ ಬಿದ್ದಿದೆ ಎಂದು ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಂಥದ್ದೇ ಇನ್ನೊಂದನ್ನು ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನ ನಮ್ಮ ಅಡುಗೆಮನೆಯಲ್ಲಿ ಕೂರಿಸಿದರು. ಡ್ಯಾಂಡಿನಾಂಗ್ ಗೋದಾಮಿನ ಹತ್ತಿರ ಬಂದಾಗ ಕರೆಯುತ್ತಿದ್ದರು. ನಾನು ಜೋಳದ ಹಿಟ್ಟು ಕಲಸುತ್ತಿದ್ದೆ.

ಫೋನ್ ಇರಲಿಲ್ಲವೇ ಎಂದು ಜನ ಕೇಳುತ್ತಾರೆ. ಇತ್ತು. ಫೋನ್ ಎಲ್ಲಿಂದಲೂ ಬರುತ್ತದೆ. ರೇಡಿಯೋ ದೂರದಿಂದ ಮುಟ್ಟುವುದಿಲ್ಲ. ಅದರಲ್ಲಿ ದನಿ ಬಂತೆಂದರೆ ಮನುಷ್ಯ ಹತ್ತಿರ ಬಂದ ಎಂದು ಅರ್ಥ.

ಆ ಚಾನೆಲ್‌ನಲ್ಲಿ ಮಾತಾಡಿದ್ದು ರೋಡಿಗೆಲ್ಲ ಕೇಳುತ್ತದೆ. ಅದಕ್ಕೆ ನಮ್ಮದೇ ಕೋಡು ಮಾಡಿಕೊಂಡಿದ್ದೆವು. ಒಂದು ಅಂದರೆ ಒಬ್ಬನೇ ಬರುತ್ತಿದ್ದೇನೆ. ಎರಡು ಅಂದರೆ ಇಬ್ಬರಿಗೆ ರೊಟ್ಟಿ ಮಾಡು. ಐದು ಅಂದರೆ ಏನೆಂದು ಬರೆಯುವುದಿಲ್ಲ. ಅದು ಗಂಡ ಹೆಂಡಿರದ್ದು.

ಗುಂಡಿ ಒತ್ತಿದರೆ ನನ್ನ ಮಾತು, ಬಿಟ್ಟರೆ ಅವರ ಮಾತು. ನನಗೆ ಬಿಡುವುದೇ ಮರೆಯುತ್ತಿತ್ತು. ಮನೆಗೆ ಬಂದು ಬೈಯುತ್ತಿದ್ದರು.

“ಏ ದ್ಯಾಮವ್ವ, ಮಾತಾಡಿ ಗುಂಡಿ ಬಿಡು. ನಿನ್ನ ಕುಕ್ಕರ್ ಸೀಟಿ ಇಡೀ ಹೈವೇಕ್ಕ ಕೇಳೇತಿ.”

“ಕೇಳ್ಲಿ ಬಿಡ್ರಿ. ಅವರಿಗೂ ಹಸಿವಾಗ್ಲಿ.”

“ಮತ್ತ ನಾ ಯಾವಾಗ ಮಾತಾಡ್ಬೇಕು?”

“ಈಗ ಮನಿಗೆ ಬಂದೀರಲ್ಲ, ಮಾತಾಡ್ರಿ.”

ಮನೆಯಲ್ಲಿ ಮಾತಾಡುವವರಲ್ಲ. ಉಂಡು, ನನ್ನ ಸೆರಗಿಗೆ ಕೈ ಒರೆಸಿ ಮಲಗುತ್ತಿದ್ದರು.

ಎರಡು ಅಂದರೆ ಯಾವಾಗಲೂ ಜಯೇಶ್. ಉಡುಪಿ ಕಡೆಯವನು, ಅದೇ ಲಾರಿಗೆ ಜೋಡಿ ಡ್ರೈವರ್. “ಅಕ್ಕ, ಇದು ಚಟ್ನಿಯಾ ಬೆಂಕಿಯಾ ಮಾರಾಯ್ರೆ?” ಅನ್ನುತ್ತಿದ್ದ. ಇವರು ನಗುತ್ತ ಇನ್ನೊಂದು ಚಮಚ ಹಾಕುತ್ತಿದ್ದರು.

ಅವರು ಸತ್ತದ್ದು ಸಿಡ್ನಿಯಲ್ಲಿ, ಆ ಕಡೆ ಹೋದಾಗ ತಂಗುತ್ತಿದ್ದ ವೆಸ್ಟ್‌ಮೀಡ್‌ನ ಜಯೇಶ್‌ನ ಬಾಡಿಗೆ ರೂಮಿನಲ್ಲಿ. ಹಾರ್ಟು. ಸುದ್ದಿ ಫೋನಿನಲ್ಲಿ ಬಂತು. ಹೇಳಿದವನು ಜಯೇಶ್. ಮಣ್ಣಿಗೆ ಬಂದಿದ್ದ, ದೂರ ನಿಂತಿದ್ದ. ಆಮೇಲೆ ನಮ್ಮ ಮನೆಯ ಕಡೆ ಬರಲಿಲ್ಲ.

ನಾನು ರೇಡಿಯೋ ಆರಿಸಲಿಲ್ಲ. ಗುಂಡಿಯನ್ನೂ ಮುಟ್ಟಲಿಲ್ಲ. ರೊಟ್ಟಿ ಬಡಿಯಲಿಲ್ಲ, ಬ್ರೆಡ್ ತಿಂದೆ. ಯಾರ್ಯಾರದೋ ದನಿ ಕೇಳುತ್ತ ಕೂರುತ್ತಿದ್ದೆ. ಮಗಳು ಮಹಾಶ್ವೇತಾ ನೋಡಿ ನೋಡಿ ಅಂದಳು, “ಅಮ್ಮಾ, ಪ್ಲೀಸ್. ಸ್ವಿಚ್ ಇಟ್ ಆಫ್. ಯಾರಿಗ್ ಕಾಯ್ತಿದ್ದೀ?”

“ಯಾರಿಗೂ ಇಲ್ಲ.”

“ಸ್ಯಾಟರ್ಡೇ ಬಂದು ಬಿಚ್ಚಿಬಿಡ್ತೀನಿ, ಓಕೆ?”

ಹೂಂ ಅಂದೆ.

ಶುಕ್ರವಾರ ಸಂಜೆ ಅದರಲ್ಲಿ ಜಯೇಶ್ ದನಿ ಬಂತು. ನನ್ನನ್ನು ಕರೆದದ್ದಲ್ಲ. ಯಾವನೋ ಡ್ರೈವರ್‌ಗೆ, ಪೆಟ್ರೋಲ್ ಬಂಕ್‌ನಲ್ಲಿ ಪೈ ಅನ್ನುವ ಕಡುಬು ಒಂದು ತಿಂದು ಗಾಡಿಯಲ್ಲೇ ಮಲಗುತ್ತೇನೆ ಅನ್ನುತ್ತಿದ್ದ. ಇಷ್ಟು ಹತ್ತಿರ ಬಂದಿದ್ದಾನೆ. ಬಂಕ್‌ನಲ್ಲಿ ತಿನ್ನುತ್ತಾನಂತೆ. ನಾಳೆ ರೇಡಿಯೋ ಹೋದರೆ ಇವನ ದನಿಯೂ ಹೋಯಿತು. ರೇಡಿಯೋದಲ್ಲಿ ಅವರನ್ನು ಬಲ್ಲ ದನಿ ಅದೊಂದೇ ಉಳಿದದ್ದು.

ಗುಂಡಿ ಒತ್ತಿದೆ.

“ಜಯೇಶಾ, ನಾ ದ್ಯಾಮವ್ವ. ಎರಡು. ಕೇಳಿಸ್ತೇನು? ಎರಡು.”

ಉತ್ತರವಿಲ್ಲ. ಕಾದೆ. ಇಲ್ಲ. ಬೇಡವಾಗಿದ್ದೇನೆ ಅನಿಸಿತು. ಅಳು ಬಂತು. ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು ಮೂಗು ಒರೆಸಲು ಹೋದಾಗ ನೋಡುತ್ತೇನೆ, ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇದೆ.

ಬಿಟ್ಟೆ.

“ಯು ರೈಟ್, ಲವ್?” ಯಾರೋ ಮುದುಕ ಡ್ರೈವರ್, ಆರಾಮ ಇದ್ದೀಯಾ ತಾಯಿ ಅನ್ನುವಂತೆ ಕೇಳಿದ. ಅವನ ಹಿಂದೆಯೇ ಜಯೇಶ್.

“ಅಕ್ಕ, ಎಷ್ಟು ಕರೆದೆ ಮಾರಾಯ್ರೆ! ನೀವು ಗುಂಡಿ ಬಿಟ್ರೆ ತಾನೇ. ನೀವು ಅತ್ತದ್ದು ಎಲ್ಲರಿಗೂ ಕೇಳಿತು.”

“ಕೇಳ್ಲಿ ಬಿಡು. ಊಟಕ್ಕ ಬರ್ತೀಯೋ ಇಲ್ಲೋ?”



“ಆ ಫೋನ್ ಮಾಡಿದವ ನಾನು ಅಕ್ಕ. ಯಾವ ಮುಖ ಇಟ್ಕೊಂಡು ಬರುವುದು?”

“ಅವರು ಕಡೀಗೆ ನೋಡಿದ ಮುಖ ನಿಂದು. ಅದನ್ನ ಇಟ್ಕೊಂಡು ಬಾ.”



“ಬರ್ತೇನೆ. ಆದ್ರೆ ಎರಡಲ್ಲ ಅಕ್ಕ. ಒಂದು.”

“ಎರಡು. ನಾನೂ ಉಣಬೇಕಲ್ಲ.”

ಗುಂಡಿ ಬಿಟ್ಟೆ. ಹಿಟ್ಟಿನ ಡಬ್ಬಿ ಇಳಿಸಿ, ಒಲೆಯ ಮೇಲೆ ನೀರಿಟ್ಟೆ. ನೀರು ಕುದಿಯುವುದರೊಳಗೆ ಮಗಳಿಗೆ ಫೋನ್ ಮಾಡಿ ಹೇಳಿದೆ: ನಾಳೆ ಊಟಕ್ಕೆ ಬಾ, ಸ್ಕ್ರೂಡ್ರೈವರ್ ತರಬೇಡ.