ಅವ್ವನ ನಿದ್ದೆ ಹುಡುಕಿಕೊಂಡು ಬದಲಾಪುರಕ್ಕೆ

ಶನಿವಾರ ಬೆಳಿಗ್ಗೆ ಎಂಟೂವರೆಗೆ ಅವ್ವನೂ ನಾನೂ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಬದಲಾಪುರಕ್ಕೆ ಹೋಗಿಬರಲು ನನಗೊಂದು ರಿಟರ್ನ್ ಟಿಕೆಟ್ ತೆಗೆದಿದ್ದೆ. ಅವ್ವನ ಪಾಸು ಕಲ್ಯಾಣದಿಂದ ಮುಂಬಯಿವರೆಗಿನದು, ಹಾಗಾಗಿ ಕಲ್ಯಾಣದಿಂದ ಆಚೆಗೆ ಮಾತ್ರ ಅವಳಿಗೂ ಬೇರೆ ಟಿಕೆಟ್ ಬೇಕಾಯಿತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಮುಂಬಯಿ ಕಡೆಗೆ ಹೋಗುವವರು ಗೋಡೆ ಕಟ್ಟಿದಂತೆ ನಿಂತಿದ್ದರು. ನಮ್ಮ ಕಡೆ ಗಾಳಿಯಾಡುತ್ತಿತ್ತು. ಫೆಬ್ರುವರಿಯ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಹೊರಟಿದ್ದು ವಿಶ್ರಾಂತಿಗೆ. ಹಾಗೆಂದು ಬರೆಯುವಾಗಲೇ ನನಗೆ ನಗು ಬರುತ್ತದೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ತಂಡದಲ್ಲಿದ್ದವಳು ನಾನು. 'ಮೊಬೈಲ್ ಬಿಟ್ಟರೆ ನೆಮ್ಮದಿ' ಎಂಬ ವಿಷಯಕ್ಕೆ ಒಮ್ಮೆ ಪರವಾಗಿಯೂ ಒಮ್ಮೆ ವಿರೋಧವಾಗಿಯೂ ಮಾತಾಡಿ ಎರಡು ಸಲವೂ ಗೆದ್ದಿದ್ದೇನೆ. ಗೆದ್ದ ಮೇಲೆ ಯಾವ ಕಡೆಯೂ ನನ್ನದಲ್ಲ ಎಂಬುದು ತಿಳಿದಿತ್ತು. ಆದರೆ ಈ ಸಲ ನಡುವೆ ಅವ್ವನ ಬಲಗಣ್ಣು ಇತ್ತು.

ಆ ಕಣ್ಣಿಗೆ ಪೊರೆ ಬಂದಿದೆ. ಠಾಣೆಯ ಕಣ್ಣಾಸ್ಪತ್ರೆಯಲ್ಲಿ ಎರಡು ಸಲ ಆಪರೇಶನ್ನಿಗೆ ದಿನ ಕೊಟ್ಟು, ಎರಡು ಸಲವೂ ರಕ್ತದೊತ್ತಡ ಹೆಚ್ಚಾಗಿದೆಯೆಂದು ವಾಪಸು ಕಳಿಸಿದ್ದರು. ಕಳೆದ ತಿಂಗಳು ಅವ್ವ ರೈಲು ಹತ್ತುವಾಗ ಫುಟ್‌ಬೋರ್ಡ್ ಎಂದು ತಿಳಿದು ಕಾಲನ್ನು ಸೀದಾ ಸಂದಿಗೆ ಇಟ್ಟಳು. ಜೊತೆಗಿದ್ದ ಶಾರದಕ್ಕ ಸೆರಗು ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ನಿದ್ದೆ ಸಾಲದು, ಫೋನು ದೂರವಿಡಿ, ಎರಡು ದಿನ ಎಲ್ಲಾದರೂ ಸುಮ್ಮನಿದ್ದು ಸೋಮವಾರ ಬನ್ನಿ, ಒತ್ತಡ ನೂರೈವತ್ತರೊಳಗೆ ಬಂದರೆ ದಿನ ಗೊತ್ತುಮಾಡೋಣ ಎಂದಿದ್ದಾರೆ.

ಅವ್ವ ವಿಜಯಪುರದವಳು. ಮದುವೆಯಾಗಿ ಡೊಂಬಿವಲಿಗೆ ಬಂದು, ಮುಂಬಯಿ ಕೋಟೆ ಭಾಗದ ಒಂದು ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಅವಳ ಫೋನಿನಲ್ಲಿ ಸೊಸೈಟಿಯ ಗ್ರೂಪಿದೆ, ಊರಿನ ಗ್ರೂಪಿದೆ. ಎಲ್ಲಕ್ಕಿಂತ ಮೇಲೆ ಅವಳ ರೈಲಿನ ಗ್ರೂಪಿದೆ. ಯಾವ ಗಾಡಿ ಎಷ್ಟು ಲೇಟು, ಯಾರಿಗೆ ಯಾರು ಜಾಗ ಹಿಡಿಯಬೇಕು ಎಂಬುದನ್ನೆಲ್ಲ ಅದರಲ್ಲಿ ತೀರ್ಮಾನಿಸುವವಳು ಅವಳೇ. ಈ ವಿಶ್ರಾಂತಿ ಕೇಂದ್ರದ ವಿಳಾಸ ಕೊಟ್ಟವಳು ಅದೇ ಗ್ರೂಪಿನ ಶಾರದಕ್ಕ. ಕುಂದಾಪುರ ಕಡೆಯವಳು, ಬ್ಯಾಂಕಿನಲ್ಲಿದ್ದಾಳೆ. ಅಲ್ಲಿಗೆ ಹೋಗಿ ಬಂದು ತಾನು ಕೂಸಿನ ಹಾಗೆ ಮಲಗಿದೆ ಎಂದು ಹೇಳಿದ್ದಳು.

ಅರ್ಧ ಗಂಟೆಯಲ್ಲಿ ಬದಲಾಪುರ ಬಂತು. ಸ್ಟೇಷನ್ನಿನ ಹೊರಗೆ ಇಡ್ಲಿ ತಿಂದೆವು. ಚಟ್ನಿಗೆ ಸಕ್ಕರೆ ಹಾಕಿದ್ದರು. ಅಲ್ಲಿಂದ ಬಾರವಿ ಅಣೆಕಟ್ಟಿನ ರಸ್ತೆಯಲ್ಲಿ ರಿಕ್ಷಾದಲ್ಲಿ ಒಂಬತ್ತು ಕಿಲೋಮೀಟರ್. ಮೊದಲ ನಾಲ್ಕು ಕಿಲೋಮೀಟರಿನ ಉದ್ದಕ್ಕೂ ಅರ್ಧ ಕಟ್ಟಿದ ಕಟ್ಟಡಗಳು. ಪ್ರತಿಯೊಂದರ ಮೇಲೂ 'ನಿಸರ್ಗದ ಮಡಿಲಲ್ಲಿ' ಎಂಬ ಅರ್ಥದ ಮರಾಠಿ ಫಲಕ. ನಿಸರ್ಗ ಇದ್ದ ಜಾಗದಲ್ಲಿ ಈಗ ಫಲಕ ಇದೆ ಎಂದೆ. ಅವ್ವ ಫೋನಿನಿಂದ ತಲೆ ಎತ್ತಲಿಲ್ಲ. ಫೋನು ಒಪ್ಪಿಸುವ ಮುಂಚಿನ ಕೊನೆಯ ಒಂಬತ್ತು ಕಿಲೋಮೀಟರನ್ನು ಅವಳು ಹೀಗೆ ಬಳಸಿಕೊಳ್ಳುತ್ತಿದ್ದಳು.

ಕೇಂದ್ರವೆಂದರೆ ಹೆಂಚಿನ ಆರು ಕೋಣೆ, ಒಂದು ಮಾವಿನ ತೋಪು, ಅಂಗಳದಲ್ಲಿ ನೀರು ಹಾಕಿ ಬೆಳೆಸಿದ ಹುಲ್ಲು. ನಡೆಸುವವಳನ್ನು ಎಲ್ಲರೂ 'ತಾಯಿ' ಎನ್ನುತ್ತಿದ್ದರು, ಅಂದರೆ ಮರಾಠಿಯಲ್ಲಿ ಅಕ್ಕ. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಬಂದ ಕೂಡಲೇ ಫೋನುಗಳನ್ನು ಹೆಸರು ಬರೆದ ಬಟ್ಟೆಯ ಚೀಲಕ್ಕೆ ಹಾಕಿಸಿಕೊಂಡಳು. ನನ್ನ ಬ್ಯಾಗಿನಲ್ಲಿ ಮಣಿಕಟ್ಟಿಗೆ ಸುತ್ತಿ ಬಿ.ಪಿ. ನೋಡುವ ಮಶೀನು ಇದ್ದದ್ದನ್ನು ನಾನು ಹೇಳಲಿಲ್ಲ. ಅದು ಫೋನಲ್ಲ, ಸಾಕ್ಷ್ಯ ಸಂಗ್ರಹ. ಮಧ್ಯಾಹ್ನಕ್ಕೆ ಮುಂಚೆ ಅವ್ವನ ಒತ್ತಡ ನೂರ ಅರವತ್ತನಾಲ್ಕು.

ದಿನಚರಿ ಸರಳವಾಗಿತ್ತು. ಹುಲ್ಲಿನ ಮೇಲೆ ಬರಿಗಾಲ ನಡಿಗೆ, ಧನಿಯಾ ಕಷಾಯ, ಊಟದವರೆಗೆ ಮೌನ, ಊಟದ ನಂತರ ಅಡ್ಡಾಗುವುದು, ಸಂಜೆ ನದಿಯವರೆಗೆ ಹೋಗಿಬರುವುದು. ಚಹಾ ಇಲ್ಲ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಐದು ಕಪ್ ಕುಡಿಯುವವಳಿಗೆ ಚಹಾ ನಿಲ್ಲಿಸಿದರೆ ತಲೆ ಸಿಡಿಯುತ್ತದೆ. ಮೂರು ಗಂಟೆಗೆ ಅವ್ವ ಹಣೆಗೆ ಸೆರಗು ಬಿಗಿದುಕೊಂಡು ಕೂತಳು. ಅದಕ್ಕೂ ಮುಂಚೆ, ಮೌನದ ಹೊತ್ತಿನಲ್ಲಿ, ಅವಳು ಕೋಣೆಯಲ್ಲಿ ಇರಲಿಲ್ಲ. ಹುಡುಕಿದರೆ ಅಡುಗೆಮನೆಯ ಹಿಂದೆ, ಅಡುಗೆಯ ಹೆಂಗಸಿನ ಜೊತೆ ತೊಗರಿಕಾಯಿ ಸುಲಿಯುತ್ತ, ಜೋಳದ ರೊಟ್ಟಿ ಹರಿಯದಂತೆ ಬಡಿಯುವುದು ಹೇಗೆಂದು ಮರಾಠಿಯಲ್ಲಿ ಪಾಠ ಹೇಳುತ್ತಿದ್ದಳು.

ನನ್ನ ಸ್ಥಿತಿಯನ್ನೂ ಹೇಳಬೇಕು. ನಾನು ಘಣಸೋಲಿಯ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಫೋನು ನನ್ನ ಚಟವಲ್ಲ, ಸಾಧನ ಎಂಬುದು ನನ್ನ ವಾದ. ಆ ಮಧ್ಯಾಹ್ನ ಮಾವಿನ ಮರದ ಕೆಳಗೆ ಕೂತು ಎಷ್ಟು ಸಲ ಖಾಲಿ ಜೇಬಿಗೆ ಕೈ ಹಾಕಿದೆನೆಂದು ಎಣಿಸತೊಡಗಿದೆ. ಹತ್ತೊಂಬತ್ತಕ್ಕೆ ನಿಲ್ಲಿಸಿದೆ. ವಾದ ನಿಂತಿತ್ತು, ಕೈ ನಿಂತಿರಲಿಲ್ಲ.

ಸಂಜೆ ಒಂದು ಗೆಲುವು ಸಿಕ್ಕಿತು ಅಂದುಕೊಂಡೆ. ನೀರಿನ ಟ್ಯಾಂಕಿನ ಹಿಂದೆ ತಾಯಿ ನಿಂತುಕೊಂಡು ಫೋನಿನಲ್ಲಿ ಬೆರಳಾಡಿಸುತ್ತಿದ್ದಳು. ಒಂದಲ್ಲ, ಎರಡು ಫೋನು. ನಾನು ಬಿಡಲಿಲ್ಲ. ನೀವೇ ಬಿಡಲಾಗದ್ದನ್ನು ನಮ್ಮಿಂದ ಬಿಡಿಸುವುದು ಯಾವ ನ್ಯಾಯ ಎಂದು ಮರಾಠಿಯಲ್ಲಿ ಕೇಳಿದೆ. ಅವಳು ಕಂಗೆಡಲಿಲ್ಲ, ಒಂದು ಮೆಸೇಜು ಮುಗಿಸಿಯೇ ತಲೆ ಎತ್ತಿದಳು.

"ನಾನೂ ಬಿಟ್ಟರೆ ನಿಮ್ಮಮ್ಮನಿಗೆ ನಾಳೆ ರಿಕ್ಷಾ ಯಾರು ಕರೆಸುತ್ತಾರೆ?" ಎಂದಳು. ಆಮೇಲೆ ತಾನೇ ಸೇರಿಸಿದಳು, "ನನಗೂ ನಿದ್ದೆ ಬಂದು ನಾಲ್ಕು ವರ್ಷವಾಯಿತು, ಈ ಕೇಂದ್ರ ಶುರು ಮಾಡಿದಾಗಿನಿಂದ."

ಇದು ಒಪ್ಪಿಕೊಳ್ಳುವಿಕೆಯೋ ಸಮರ್ಥನೆಯೋ ನನಗೆ ತಿಳಿಯಲಿಲ್ಲ. ಒಬ್ಬರು ಫೋನು ಇಳಿಸಬೇಕಾದರೆ ಅದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು ಎಂದಾದರೆ, ವಿಶ್ರಾಂತಿ ಎಂಬುದು ಯಾರ ಪಾಲಿನದು? ಪ್ರಶ್ನೆ ಚೆನ್ನಾಗಿತ್ತು. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಾಯಿಯ ಎರಡನೆಯ ಫೋನು ಬಡಿದುಕೊಂಡಿತು.

ಭಾನುವಾರ ಬೆಳಿಗ್ಗೆ ಅವ್ವನ ಕಣ್ಣುಗಳು ಕೆಂಪಾಗಿದ್ದವು. ನಿದ್ದೆ ಬರಲಿಲ್ಲವಂತೆ. ಹಾಸಿಗೆ ಚೆನ್ನಾಗಿತ್ತು, ಗಾಳಿ ಚೆನ್ನಾಗಿತ್ತು, ಸೊಳ್ಳೆ ಇರಲಿಲ್ಲ. ಹಾಗಿದ್ದರೆ ಏನಾಯಿತು ಎಂದು ಕೇಳಿದೆ.

"ಸಪ್ಪಳನ ಇಲ್ಲಲ್ಲs ಇಲ್ಲೆ," ಅಂದಳು ಅವ್ವ. "ಏನೂ ಕೇಳಸಲಿಲ್ಲಂದ್ರ, ಏನೋ ಆಗೇದ ಅಂತ ಅನಸ್ತದ."

ಮಶೀನು ನೂರ ಅರವತ್ತೆರಡು ತೋರಿಸಿತು. ನನ್ನ ಸಂಶಯ ನಿಜವಾಗಿತ್ತು, ಮತ್ತು ಅದರಿಂದ ಒಂದಿಷ್ಟೂ ಖುಷಿಯಾಗಲಿಲ್ಲ. ಸೋಮವಾರಕ್ಕೆ ಒಂದು ದಿನ ಉಳಿದಿತ್ತು. ಬರಿಗಾಲಲ್ಲಿ ಹುಲ್ಲಿನ ಮೇಲೆ ಇನ್ನೊಂದು ಸುತ್ತು ನಡೆಯೋಣ ಎಂದು ನಾನೇ ಅವ್ವನನ್ನು ಕರೆದುಕೊಂಡು ಹೋದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಹುಲ್ಲು ತಣ್ಣಗಿತ್ತು, ಅದನ್ನು ಅಲ್ಲಗಳೆಯಲಾರೆ.

ಫೋನುಗಳನ್ನು ಚೀಲದ ಸಮೇತ ವಾಪಸು ಪಡೆದು ಮಧ್ಯಾಹ್ನ ಎರಡೂವರೆಗೆ ಬದಲಾಪುರ ಸ್ಟೇಷನ್ ತಲುಪಿದೆವು. ಬಿಸಿಲು ಏರಿತ್ತು. ಮುಂಬಯಿಗೆ ಹೋಗುವ ಗಾಡಿ ಅಲ್ಲಿಂದಲೇ ಹೊರಡುವುದರಿಂದ ಮಹಿಳಾ ಡಬ್ಬಿ ಮುಕ್ಕಾಲು ಖಾಲಿ. ಹತ್ತುವಾಗ ಅವ್ವ ಕಾಲಿನಿಂದ ಫುಟ್‌ಬೋರ್ಡನ್ನು ಎರಡು ಸಲ ತಡವಿದಳು. ನಾನು ಮೊಣಕೈ ಹಿಡಿದುಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಡೊಂಬಿವಲಿಯಲ್ಲಿ ಮುಂಬಯಿ ಗಾಡಿ ಹತ್ತಿದರೆ ಕೂರಲು ಜಾಗ ಸಿಗುವುದಿಲ್ಲ. ಆದ್ದರಿಂದ ಅವ್ವನಂಥವರು ಮೊದಲು ಹಿಂದಕ್ಕೆ, ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿಂದ ವಾಪಸಾಗುವ ಗಾಡಿಯಲ್ಲಿ ಮೊದಲೇ ಕೂತು, ಗೆಳತಿಯರ ಸೀಟುಗಳಿಗೆ ಕರವಸ್ತ್ರ ಹಾಸಿ, ಮತ್ತೆ ಡೊಂಬಿವಲಿಯ ಮೇಲೆಯೇ ಮುಂದಕ್ಕೆ ಹೋಗುತ್ತಾರೆ. ಕೂರುವ ಸಲುವಾಗಿ ದಿನಾ ಅರ್ಧ ಗಂಟೆ ಉಲ್ಟಾ ಪ್ರಯಾಣ.

ಅವ್ವ ಕಿಟಕಿಯ ಪಕ್ಕ ಕೂತಳು. ಕೂತವಳೇ ಪಕ್ಕದ ಸೀಟಿಗೆ ಕರವಸ್ತ್ರ ಹಾಸಿದಳು, ಎದುರಿನ ಸೀಟಿಗೆ ನೀರಿನ ಬಾಟಲಿ ಇಟ್ಟಳು, ಅದರ ಪಕ್ಕಕ್ಕೆ ಕೊಡೆ. ಗಾಡಿ ಹೊರಡುವ ಹೊತ್ತಿಗೆ ಮೆಂತ್ಯದ ದೊಡ್ಡ ಗಂಟು ಹೊತ್ತ ಹೆಂಗಸೊಬ್ಬಳು ಬಂದು ಕರವಸ್ತ್ರದ ಸೀಟಿನಲ್ಲಿ ಕೂರಲು ಹೋದಳು. ಜನ ಬರುವವರಿದ್ದಾರೆ ಎಂದಳು ಅವ್ವ. ಯಾರು ಎಂದಳು ಆಕೆ. ಶಾರದಾ, ಮನೀಷಾ, ನಂದಾ ಎಂದು ಅವ್ವ ಹೆಸರು ಹೇಳಿ ಪಟ್ಟು ಹಿಡಿದಳು. ಎಲ್ಲಿ ಹತ್ತುತ್ತಾರೆ ಎಂದು ಆಕೆಯೂ ಬಿಡಲಿಲ್ಲ. ದಿನಾ ಇಲ್ಲಿಯೇ ಕೂರುತ್ತಾರೆ, ಕೇಳಿ ಬೇಕಾದರೆ ಎಂದು ಅವ್ವನ ದನಿ ಏರಿತು.

ಸೊಪ್ಪಿನವಳು ಸುತ್ತಲೂ ಖಾಲಿ ಬಿದ್ದಿದ್ದ ಡಬ್ಬಿಯನ್ನು ನಿಧಾನವಾಗಿ ನೋಡಿದಳು. "ಇವತ್ತು ರವಿವಾರ, ಬಾಈ," ಎಂದಳು.

ಅವ್ವ ಕರವಸ್ತ್ರ ನೋಡಿದಳು, ಬಾಟಲಿ ನೋಡಿದಳು, ಕೊಡೆ ನೋಡಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬೇಕಾದಷ್ಟು ಖಾಲಿ ಸೀಟಿದ್ದರೂ ಸೊಪ್ಪಿನವಳು ಜಗಳ ಆಡಿದ ಸೀಟಿನಲ್ಲಿಯೇ ಕೂತು, ತಾನೂ ನಕ್ಕಳು. ಅಂಬರನಾಥ ಬರುವಷ್ಟರಲ್ಲಿ ಮೆಂತ್ಯ ಯಾವ ಊರಿನದು ಎಂಬ ಮಾತು ನಡೆದಿತ್ತು. ಉಲ್ಲಾಸನಗರ ದಾಟುವಾಗ ಅವ್ವ ಉತ್ತರ ಕೊಡುವುದನ್ನು ನಿಲ್ಲಿಸಿದಳು. ವಿಠ್ಠಲವಾಡಿಯಲ್ಲಿ ಅವಳ ತಲೆ ಮೆಂತ್ಯದ ಗಂಟಿನ ಮೇಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ನಾನು ಮಶೀನು ತೆಗೆದು ಮೆಲ್ಲಗೆ ಅವಳ ಮಣಿಕಟ್ಟಿಗೆ ಸುತ್ತಿದೆ. ಗಾಡಿಯ ಕುಲುಕಾಟಕ್ಕೆ ಅದು ಎರಡು ಸಲವೂ ತಪ್ಪು ಎಂಬ ಗುರುತು ತೋರಿಸಿತು. ಸಾಕ್ಷ್ಯವಿಲ್ಲ. ಕಲ್ಯಾಣದಲ್ಲಿ ಜನ ನುಗ್ಗಿದರು, ಕಡಲೆ ಮಾರುವವಳು ಕೂಗಿದಳು, ಯಾರೋ ಫೋನಿನಲ್ಲಿ ಜೋರಾಗಿ ಹಾಡು ಹಾಕಿದರು. ಅವ್ವ ಅಲುಗಲಿಲ್ಲ. ಠಾಕುರ್ಲಿ ಹೋಯಿತು. ಡೊಂಬಿವಲಿಯ ನಮ್ಮ ಸೇತುವೆ ಕಾಣತೊಡಗಿದಾಗ ಸೊಪ್ಪಿನವಳು ಎಲ್ಲಿ ಇಳಿಯುತ್ತೀರಿ ಎಂದು ಕೇಳಿದಳು. ನಾನು ಠಾಣೆ ಎಂದೆ. ಯಾಕೆ ಹಾಗೆಂದೆ ಎಂಬುದಕ್ಕೆ ನನ್ನ ಬಳಿ ಮೂರು ಅಂಶಗಳ ಸಮರ್ಥನೆ ಇಲ್ಲ. ನನ್ನ ಟಿಕೆಟು ಡೊಂಬಿವಲಿಗೆ ಮುಗಿದಿತ್ತು. ಅಲ್ಲಿಂದ ಮುಂದೆ ಜನ್ಮದಲ್ಲಿ ಮೊದಲ ಸಲ ನಾನು ಟಿಕೆಟಿಲ್ಲದ ಪ್ರಯಾಣಿಕಳು. ಕಪ್ಪು ಕೋಟು ಕಂಡಲ್ಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಪರೀಕ್ಷಿಸಿದ್ದರೆ ನನ್ನ ಒತ್ತಡವೇ ನೂರೆಂಬತ್ತು ಇದ್ದೀತು.

ಠಾಣೆಯಲ್ಲಿ ಸೊಪ್ಪಿನವಳು ಗಂಟು ಎತ್ತಿಕೊಂಡಾಗ ಅವ್ವ ಕಣ್ಣು ಬಿಟ್ಟಳು. "ಡೊಂಬಿವ್ಲಿ ಬಂತೇನು?"

"ಹೋತು," ಎಂದೆ.

ಬೈಯುತ್ತಾಳೆಂದು ಕಾದೆ. "ಎಬ್ಬಸಬಾರದೇನs ಶ್ರುತೀ," ಎಂದಳು ಅಷ್ಟೆ. ನನಗೊಂದು ಹೊಸ ಟಿಕೆಟು ತೆಗೆದುಕೊಂಡು ವಾಪಸು ಡೊಂಬಿವಲಿಗೆ ಬರುವಾಗಲೂ ಅವಳು ಫೋನಿನ ಚೀಲ ಬಿಚ್ಚಲು ಮರೆತಿದ್ದಳು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಅವ್ವನ ಗುಂಪಿನ ಜೊತೆಯೇ ಹೊರಟೆವು. ಮೊದಲು ಉಲ್ಟಾ ಕಲ್ಯಾಣಕ್ಕೆ, ನಂತರ ಮುಂದಕ್ಕೆ. ಶಾರದಕ್ಕನಿಗೆ ಕೇಂದ್ರದ ವರದಿ ಬೇಕಿತ್ತು. ಅಲ್ಲಿ ನಿದ್ದೆಯೇ ಬರಲಿಲ್ಲ, ರೈಲಿನಲ್ಲಿ ಬಂತು ಎಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ.

"ಎರಡು ದಿನ ಫೋನ್ ಬಿಟ್ಟದ್ದಕ್ಕೇ ಅಲ್ವಾ ಮಾರಾಯ್ತಿ, ರೈಲಲ್ಲಿ ನಿದ್ರೆ ಬಂದದ್ದು? ನೀನು ಎಂತ ಡಿಬೇಟ್ ಮಾಡುದು?"

ಅವ್ವನಿಗೆ ದಿನಾ ರೈಲಿನಲ್ಲಿ ನಿದ್ದೆ ಬರುತ್ತದಲ್ಲ, ಫೋನಿದ್ದರೂ ಎಂದೆ. ಹಾಗಾದರೆ ಇಷ್ಟು ದಿನ ಒತ್ತಡ ಯಾಕೆ ಇಳಿದಿರಲಿಲ್ಲ ಎಂದಳು ಅವಳು. ಒಳ್ಳೆಯ ಏಟು. ಅಷ್ಟರಲ್ಲಿ ಮಾತ್ರೆ ಬದಲಾಗಿದೆ ಎಂದು ಮನೀಷಾ ನೆನಪಿಸಿದಳು. ಮೂರು ಕಾರಣ, ಒಂದು ಅವ್ವ, ಮತ್ತು ಆ ಅವ್ವ ನಮ್ಮ ಮಧ್ಯೆ ನಿದ್ದೆಹೋಗಿದ್ದಳು. ಠಾಣೆಗೆ ಮುಂಚಿನ ಕಳವಾ ಕಾರ್‌ಶೆಡ್ ಕಂಡ ಕೂಡಲೇ ಶಾರದಕ್ಕ ಅವಳ ಮೊಣಕಾಲು ತಟ್ಟಿ ಎಬ್ಬಿಸಿದಳು. ಇಳಿಯುವಾಗ ಸೆರಗನ್ನೂ ಹಿಡಿದುಕೊಂಡಳು.

ಆಸ್ಪತ್ರೆಯ ಮಶೀನು ನೂರ ನಲವತ್ತಾರು ಹೇಳಿತು. ಡಾಕ್ಟರಮ್ಮ ಮತ್ತೊಮ್ಮೆ ಪರೀಕ್ಷಿಸಿದರು, ನೂರ ನಲವತ್ತೆಂಟು. ಗುರುವಾರ ಆಪರೇಶನ್. ಏನು ಮಾಡಿದಿರೋ ಅದನ್ನೇ ಮುಂದುವರಿಸಿ ಎಂದು ಮರಾಠಿಯಲ್ಲಿ ಹೇಳಿದರು. ಯಾವುದನ್ನು ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಆಪರೇಶನ್ ನಂತರದ ಪಟ್ಟಿ ಓದತೊಡಗಿದ್ದರು. ನೀರು ತಾಗಿಸಬೇಡಿ, ಬಗ್ಗಬೇಡಿ. ಹದಿನೈದು ದಿನ ಫೋನು ನೋಡಬೇಡಿ. ಧೂಳು, ನೂಕುನುಗ್ಗಲು, ಹಾಗಾಗಿ ಹದಿನೈದು ದಿನ ಲೋಕಲ್ ಗಾಡಿಯನ್ನೂ ಹತ್ತಬೇಡಿ. ಚೆನ್ನಾಗಿ ನಿದ್ದೆ ಮಾಡಿ.

ಅವ್ವ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು. "ಗಾಡಿ ಹತ್ತಬ್ಯಾಡಂದ್ರ ನಿದ್ದಿ ಎಲ್ಲೆ ಮಾಡ್ಲಿ?"

ಏನೆಂದರು ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ಏನಿಲ್ಲ, ಸರಿ ಅಂದರು ಎಂದೆ. ತಂಡದಲ್ಲಿದ್ದ ಮೂರು ವರ್ಷದಲ್ಲಿ ಎದುರಾಳಿಯ ಮಾತನ್ನು ಹೀಗೆ ತಿರುಚಿದ್ದರೆ ನನ್ನನ್ನು ಹೊರಗೆ ಹಾಕುತ್ತಿದ್ದರು.

ಅವ್ವ ರಜೆ ಹಾಕಿದ್ದಳು. ಹತ್ತೂವರೆಗೆ ಟಿಕೆಟಿನ ಸಾಲಿನಲ್ಲಿ ನಿಂತು ನನ್ನದೊಂದು ತೆಗೆದುಕೊಂಡು ಬಂದೆ. ವಾಪಸು ಹೋಗುವ ಗಾಡಿ ಖಾಲಿ ಇತ್ತು. ಅವ್ವ ಮೊದಲು ಹತ್ತಿ, ಕಿಟಕಿಯ ಸೀಟಿಗೆ ಕರವಸ್ತ್ರ ಹಾಸಿ ನನ್ನನ್ನು ಕರೆದಳು. ನನಗಾಗಿ ಅವಳು ಜಾಗ ಹಿಡಿದದ್ದು ಅದೇ ಮೊದಲು. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ ದಾಟುವ ಮೊದಲೇ ಅವಳ ತಲೆ ನನ್ನ ಭುಜಕ್ಕೆ ಬಂತು. ಬ್ಯಾಗಿನಲ್ಲಿ ಅವಳ ಫೋನು ಬಡಿದುಕೊಳ್ಳುತ್ತಿತ್ತು, ಗ್ರೂಪಿನವರು ಫಲಿತಾಂಶ ಕೇಳುತ್ತಿದ್ದಿರಬೇಕು. ನಾನು ತೆಗೆಯಲಿಲ್ಲ. ನನ್ನದನ್ನೂ ತೆಗೆಯಲಿಲ್ಲ, ಭುಜ ಅಲ್ಲಾಡುತ್ತದೆ.

ಹದಿನೈದು ದಿನ ಏನು ಮಾಡುವುದು ಎಂದು ಕಳವಾದಿಂದ ದಿವಾವರೆಗೆ ಯೋಚಿಸಿದೆ. ಪರ, ವಿರೋಧ, ಏನೂ ಹೊಳೆಯಲಿಲ್ಲ. ದಿವಾ ದಾಟಿದ ಮೇಲೆ ಇಳಿಯುವವರು ಬಾಗಿಲಿಗೆ ಸರಿಯತೊಡಗಿದರು. ಡೊಂಬಿವಲಿಯ ಪ್ಲಾಟ್‌ಫಾರ್ಮ್ ಬಂತು, ನಿಂತಿತು, ಮೆಲ್ಲಗೆ ಹಿಂದಕ್ಕೆ ಹೋಯಿತು. ಈ ಸಲ ನನ್ನ ಟಿಕೆಟು ಕಲ್ಯಾಣದವರೆಗಿತ್ತು.