ಕುದುರೆ ದೊರೆಯ ಗುಂಡಿ ಹುಡುಕಿದ ಪ್ರೇಮಾವತಿ

ಕೊಡಗಿನ ಕುಟ್ಟದಲ್ಲಿ ಬಸ್ಸಿಳಿದು ಕೇರಳದ ಕಡೆಯ ರಸ್ತೆ ಹಿಡಿದರೆ, ಪ್ರೇಮಾವತಿಯ ಹೋಟೆಲು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಬೋರ್ಡು ಬರೆಸೋಣ ಎಂದು ಅವಳ ಗಂಡ ಶಿವಪ್ರಕಾಶ್ ಮದುವೆಯಾದ ಹೊಸತರಲ್ಲಿ ಹೇಳಿದ್ದ. ಆಮೇಲೆ ಅದರ ಅಗತ್ಯ ಬೀಳಲಿಲ್ಲ. ಅವನು ಒಳಗೆ ಸದ್ದಿಲ್ಲದೆ ಪರೋಟ ತಟ್ಟುತ್ತಾನೆ. ಅವಳು ಹೊರಗೆ ನಿಂತು ಟೀ ಎತ್ತಿ ಹೊಯ್ಯುತ್ತ, ಮಲಯಾಳಿಗಳ ಜೊತೆ ಮಲಯಾಳ, ತೋಟದ ಕೂಲಿಗಳ ಲೈನ್‌ಮನೆಯ ತಮಿಳರ ಜೊತೆ ತಮಿಳು, ಕೊಡವರ ಜೊತೆ ಅರ್ಧ ಕೊಡವ ಭಾಷೆ ಅರ್ಧ ಕನ್ನಡ ಆಡುತ್ತಾಳೆ. ಯಾವುದೂ ಪೂರ್ತಿ ಸರಿಯಿಲ್ಲ, ಆದರೆ ಎಲ್ಲರಿಗೂ ಅರ್ಥವಾಗುತ್ತದೆ.

ಅವಳು ಹುಟ್ಟಿದ್ದು ಕುಶಾಲನಗರದ ಹತ್ತಿರ, ಹಾಸನದ ಕಡೆಯಿಂದ ಬಂದು ಶುಂಠಿ, ಜೋಳ ಬೆಳೆಯುತ್ತಿದ್ದವರ ಮನೆಯಲ್ಲಿ. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಎಷ್ಟು ಸಲ ಜಾಗ ಬದಲಿಸಿ ಕೂರಿಸಿದರೂ ಉಪಯೋಗವಾಗಲಿಲ್ಲ. ಹೊಸ ಜಾಗದಲ್ಲಿ ಹೊಸ ಗೆಳತಿ ಸಿಗುತ್ತಿದ್ದಳು, ಅಷ್ಟೆ. ಕುಟ್ಟಕ್ಕೆ ಸೊಸೆಯಾಗಿ ಹೊರಟಾಗ ಅವಳವ್ವ ಕಿವಿಯಲ್ಲಿ, "ಒಂದಾರು ತಿಂಗಳಾದ್ರೂ ಬಾಯಿ ಬಿಗಿ ಹಿಡ್ಕೊ ಮಗ" ಎಂದಿದ್ದಳು. ಗೋಣಿಕೊಪ್ಪ ದಾಟುವಷ್ಟರಲ್ಲಿ ಪ್ರೇಮಾವತಿ ಗಂಡನ ಚಿಕ್ಕಪ್ಪನ ಮಂಡಿನೋವಿನ ಕತೆಯೆಲ್ಲ ಕೇಳಿ, ತನ್ನ ಅಜ್ಜಿಯ ಮಂಡಿನೋವಿನ ಕತೆಯನ್ನೂ ಹೇಳಿ ಮುಗಿಸಿದ್ದಳು.

ಇಂಥವಳ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ, ಸಂತೆ ಮುಗಿದ ಮೇಲೆ, ಕಿಟಕಿ ಪಕ್ಕದ ಬೆಂಚಿನಲ್ಲಿ ಒಂದು ಕೂಟ ಸೇರುತ್ತದೆ. ಅದರ ಹಿರಿಯರು ಬೆಳ್ಯಪ್ಪ, ಊರಾಚೆ ಕಾಫಿ ತೋಟವಿರುವವರು, ಮೀಸೆ ದಪ್ಪ. ಜೊತೆಗೆ ಕಾಳುಮೆಣಸಿನ ವ್ಯಾಪಾರದ ಮಲಯಾಳಿ ಮುಸಲ್ಮಾನ ಹಂಸ. ಬಾಡಿಗೆ ಜೀಪು ಓಡಿಸುವ ಧರ್ಮೇಂದ್ರ. ಅವರ ಮಾತಿನ ವಿಷಯ ಒಂದೇ: ಕುದುರೆ ದೊರೆಯ ಚಿನ್ನದ ಗುಂಡಿ.

ಬಹಳ ಹಿಂದೆ, ವಯನಾಡಿನ ಕಡೆ ಬಿಳಿಯರು ಚಿನ್ನಕ್ಕಾಗಿ ನೆಲ ಅಗೆಯುತ್ತಿದ್ದ ಕಾಲದಲ್ಲಿ, ಒಬ್ಬ ದೊರೆ ಕುದುರೆ ಏರಿ ಈ ಕಡೆ ಬಂದನಂತೆ. ಎಲ್ಲೋ ಒಂದು ಗುಡ್ಡದಲ್ಲಿ ಗುಂಡಿ ತೋಡಿದನಂತೆ. ಚಿನ್ನ ಕೈಗೆ ಹತ್ತಿದ ದಿನವೇ ಚಳಿಜ್ವರ ಹಿಡಿದು, ಗುಂಡಿಯ ಬಾಯಿಗೆ ಚಪ್ಪಡಿ ಎಳೆಸಿ ಹೋದವನು ತಿರುಗಿ ಬರಲಿಲ್ಲವಂತೆ. ಇಷ್ಟಕ್ಕೆ ಎಲ್ಲರ ಒಪ್ಪಿಗೆಯಿದೆ. ಉಳಿದದ್ದು ಅವರವರ ಬಾಯಿಗೆ ಬಂದಂತೆ. ಆ ಕುದುರೆಗೆ ಹುಲ್ಲು ಹಾಕಿದ್ದು ತಮ್ಮ ಅಜ್ಜನ ಅಜ್ಜನೇ, ಅದರ ಗೊರಸಿನ ಸಂದಿಯಲ್ಲಿ ಹೊನ್ನಿನ ಪುಡಿ ಮಿಂಚುತ್ತಿತ್ತು ಎಂದು ಬೆಳ್ಯಪ್ಪ ಹೇಳುತ್ತಾರೆ. ದೊರೆಗೆ ಅಡುಗೆ ಮಾಡುತ್ತಿದ್ದವನು ತಮ್ಮ ಉಮ್ಮನ ಕಡೆಯವನು ಎಂದು ಹಂಸ ಹೇಳುತ್ತಾನೆ. ದೊರೆ ಗುಂಡಿಗೆ ಹೋಗುವ ದಾರಿಯನ್ನು ಬಾಳೆಲೆಯ ಮೇಲೆ ಗೀಚಿ ಇಟ್ಟಿದ್ದನಂತೆ. ಅಡುಗೆಯವನು ಅದು ತಿಳಿಯದೆ ಆ ಎಲೆಯ ಮೇಲೇ ಬಿಸಿ ಬಿಸಿ ನೈಚೋರು, ಅಂದರೆ ತುಪ್ಪದನ್ನ, ಬಡಿಸಿಬಿಟ್ಟನಂತೆ.

"ದೊರೆಯೇ ದಾರಿಯನ್ನ ಉಂಡು ಮುಗಿಸಿದ, ಅಲ್ವಾ ಹಂಸಿಕ್ಕ?" ಎಂದು ಧರ್ಮೇಂದ್ರ ಕೆಣಕುತ್ತಾನೆ.

"ಉಂಡದ್ದಲ್ಲ ಮೋನೆ, ಎರಡು ಸಲ ಹಾಕಿಸಿ ಉಂಡದ್ದು."

ಮೊದಮೊದಲು ಪ್ರೇಮಾವತಿ ಗ್ಲಾಸು ಎತ್ತಿಡುತ್ತ ಕೇಳುತ್ತಿದ್ದಳು. ಆದರೆ ಅವಳಿಗೆ ಮರೆವಿಲ್ಲ. "ಹೋದ ವರ್ಷ ಕುದುರೆ ಬಿಳೀದಿತ್ತು, ಈಗ ಕೆಂದು ಹೆಂಗಾಯ್ತು ಬೆಳ್ಯಪ್ಪಣ್ಣ?" ಎಂದು ನಡುವೆ ಬಾಯಿ ಹಾಕುವಳು. ಕೊನೆಗೆ ಒಂದು ದಿನ ಬೆಳ್ಯಪ್ಪ ರೇಗಿ, "ಹಾಗಾದ್ರೆ ನೀನೇ ಹೇಳು ಮಾರಾಯ್ತಿ, ಬಾ ಕೂತ್ಕೊ" ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಅವಳು ಕೂತಳು. ದೊರೆಯ ಹೆಂಡತಿಯನ್ನು ಕತೆಯೊಳಗೆ ಕರೆತಂದಳು. ಅಲ್ಲಿಯವರೆಗೆ ಯಾರಿಗೂ ಅವನಿಗೊಬ್ಬಳು ಹೆಂಡತಿ ಇರಬಹುದೆಂದು ಹೊಳೆದಿರಲಿಲ್ಲ. ಅವಳು ಕಡಲಾಚೆ ಕಿಟಕಿಯಲ್ಲಿ ಕೂತು ಕಾಯುವುದನ್ನು ಪ್ರೇಮಾವತಿ ಎಷ್ಟು ಚೆಂದ ಹೇಳಿದಳೆಂದರೆ, ಒಳಗೆ ಶಿವಪ್ರಕಾಶನ ಪರೋಟ ಸೀದುಹೋಯಿತು. ಅಂದಿನಿಂದ ಭಾನುವಾರ ಬರಲೆಂದು ಅವಳು ಇಡೀ ವಾರ ಕಾಯುವಂತಾಯಿತು.

ಈ ಕೂಟಕ್ಕೆ ಒಂದು ಕಾನೂನಿದೆ. ಕಾಫಿ ಪಿಕ್ಕಿಂಗ್ ಮುಗಿದ ಮೇಲೆ, ಕಾಫಿಯನ್ನು ಅರಳಿಸುವ ಹೂಮಳೆ ಬೀಳುವ ಮೊದಲು, ತೋಟದಲ್ಲಿ ಕೆಲಸ ಕಡಿಮೆಯಿರುವಾಗ, ಒಂದು ದಿನ ಎಲ್ಲರೂ ಗುಂಡಿ ಹುಡುಕಲು ಹೊರಡುತ್ತಾರೆ. ಒಬ್ಬರು ಮುಂದೆ ನಿಂತು ಕರೆದೊಯ್ಯಬೇಕು. ಎಲ್ಲಿಗೆಂದು ಮೊದಲೇ ಹೇಳಬಾರದು, ಉಳಿದವರು ಕೇಳಬಾರದು. ಕರೆದೊಯ್ದಲ್ಲಿ ಗುಂಡಿ ಸಿಗದಿದ್ದರೆ, ಕರೆದೊಯ್ದವರು ಒಂದು ವರ್ಷ ಬೆಂಚಿನಲ್ಲಿ ಗುಂಡಿಯ ಕತೆ ಹೇಳುವಂತಿಲ್ಲ, ಕೇಳಬಹುದು ಅಷ್ಟೆ. ಹಂಸ ಒಮ್ಮೆ ಎಲ್ಲರಿಂದ ಚಪ್ಪಡಿ ಎತ್ತಿಸಿ, ಅದು ಯಾರದೋ ಬಟ್ಟೆ ಒಗೆಯುವ ಕಲ್ಲೆಂದು ಬೈಸಿಕೊಂಡಿದ್ದ. ಧರ್ಮೇಂದ್ರ ಕರೆದೊಯ್ದದ್ದು ಮುಳ್ಳುಹಂದಿಯ ಬಿಲಕ್ಕೆ. ಆ ಒಂದು ವರ್ಷ ಬಾಯಿಗೆ ಬೇರೆ ಕೆಲಸವಿಲ್ಲದೆ ಟೀ ಕುಡಿದೂ ಕುಡಿದೂ ಅವನಿಗೆ ಎದೆಯುರಿ ಹಿಡಿದಿತ್ತು.

ಪ್ರೇಮಾವತಿ ಮಾತ್ರ ಯಾವತ್ತೂ ಮುಂದೆ ನಿಂತಿರಲಿಲ್ಲ. ಒಂದು ವರ್ಷ ಕತೆ ಹೇಳದೆ ಇರುವುದು ಅವಳಿಂದಾಗುವ ಕೆಲಸವಾಗಿರಲಿಲ್ಲ.

ಈ ವರ್ಷ ಅವಳಿಗೆ ಧೈರ್ಯ ತಂದದ್ದು ಒಂದು ಪರಿಮಳ. ಮೆಣಸು ಕೊಯ್ಯುವವರಿಗೆ ತಿಂಡಿ ಕೊಟ್ಟು, ಖಾಲಿ ಪಾತ್ರೆ ಹೊತ್ತು ಗುಡ್ಡದಂಚಿನ ಕಾಲುದಾರಿಯಲ್ಲಿ ಬರುತ್ತಿದ್ದಳು. ಬಿಸಿಲು ಚುರುಗುಟ್ಟುತ್ತಿತ್ತು. ಕಾಫಿ ಗಿಡಗಳು ಮೊಗ್ಗು ಹೊತ್ತು ಬಾಯಾರಿ ನಿಂತಿದ್ದವು. ದೀಪಾವಳಿಯಾದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಹಾಗಿರುವಾಗ ಗಾಳಿಯಲ್ಲಿ ಕಾಫಿ ಹೂವಿನ ವಾಸನೆ. ಅವಳು ನಿಂತಳು, ಬೇಲಿ ನುಸುಳಿ ಹತ್ತು ಹೆಜ್ಜೆ ಒಳಗೆ ಹೋದಳು. ಸುತ್ತ ಹಸಿರು, ನಡುವೆ ಗುಡ್ಡದಿಂದ ಇಳಿದು ಬಂದ ಹಾಗೆ ಒಂದೇ ಒಂದು ಪಟ್ಟೆ ಬೆಳ್ಳಗೆ ಅರಳಿತ್ತು. ಗಿಡದ ಮೇಲೆ ಯಾರೋ ಹೆಜ್ಜೆಯಿಟ್ಟು ಹೋದಂತೆ. ಜೇನ್ನೊಣಗಳು ಅದೊಂದು ಪಟ್ಟೆಯಲ್ಲಿ ಮಾತ್ರ ಮೊರೆಯುತ್ತಿದ್ದವು.

ನೀರು ಕುಡಿಯದೆ ಕಾಫಿ ಅರಳುವುದಿಲ್ಲ. ಮೇಲಿನಿಂದ ನೀರಿಲ್ಲ. ಅಂದರೆ ಕೆಳಗಿದೆ. ನೆಲದಡಿ ನೀರು ಇಷ್ಟು ನೆಟ್ಟಗೆ ಹರಿಯಬೇಕಾದರೆ ಮನುಷ್ಯ ತೋಡಿದ ದಾರಿಯಿರಬೇಕು. ಪ್ರೇಮಾವತಿ ಪಾತ್ರೆಯನ್ನು ಸೊಂಟಕ್ಕೇರಿಸಿ ಓಡುನಡಿಗೆಯಲ್ಲಿ ಹೋಟೆಲಿನ ದಾರಿ ಹಿಡಿದಳು.

ಆ ಭಾನುವಾರ ಅವಳು ಬೆಂಚಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಈ ಸಲ ನಾನು ಕರ್ಕೊಂಡು ಹೋಗ್ತೀನಿ."

ಧರ್ಮೇಂದ್ರನೇ ಮೊದಲು ಬಾಯಿ ಬಿಟ್ಟ. "ಪ್ರೇಮಕ್ಕ, ಬೇಡ. ನನ್ನ ನೋಡಿ. ಕಷ್ಟ ಉಂಟು."

"ಪ್ರೇಮೇಚಿ ಒಂದು ವರ್ಷ ಸುಮ್ಮನಿದ್ರೆ ಕುಟ್ಟದ ಜನ ಹೋಟೆಲು ಮುಚ್ಚಿದೆ ಅಂತ ತಿಳ್ಕೊಳ್ತಾರೆ" ಎಂದ ಹಂಸ.

"ಸಿಕ್ಕೇ ಸಿಗುತ್ತೆ ಕಣ್ರೀ. ನಾನ್ಯಾಕೆ ಸುಮ್ಮನಿರ್ಬೇಕು?"

ಒಳಗಿನಿಂದ ಶಿವಪ್ರಕಾಶ್ ಅಪರೂಪಕ್ಕೆ ಬಾಯಿ ತೆರೆದ. "ಆ ಕಾನೂನು ಮನೆಗೂ ಬರುತ್ತಾ?"

ಹೊರಟ ದಿನ ಬೆಳಿಗ್ಗೆ ಜೀಪಿನ ಮುಂದಿನ ಸೀಟಿನಲ್ಲಿ ಪ್ರೇಮಾವತಿ, ಹಿಂದೆ ಪಿಕಾಸಿ, ಗುದ್ದಲಿ, ಬುತ್ತಿಯ ನಡುವೆ ಉಳಿದವರು. ಬೆಳ್ಯಪ್ಪ ದಾರಿಯುದ್ದಕ್ಕೂ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಅವರ ಕೆರೆಗೆ ಹೊಸ ಮೋಟರು ಕೂರಿಸಿ ಹೆಚ್ಚು ದಿನವಾಗಿರಲಿಲ್ಲ. ಎಷ್ಟು ಓಡಿಸಿದರೂ ಮನೆಯ ಟ್ಯಾಂಕು ತುಂಬುತ್ತಿರಲಿಲ್ಲ. "ಎಂತ ಮೋಟರು ಕೊಟ್ಟದ್ದು ನೀನು? ಈಗಲೂ ಓಡ್ತಾ ಉಂಟು, ನೀರೆಲ್ಲಿ ಹೋಗ್ತದೆ?" ಎನ್ನುತ್ತಿದ್ದಂತೆ ಜೀಪು ಎಡಕ್ಕೆ ತಿರುಗಿತು. ಬೆಳ್ಯಪ್ಪ ಫೋನು ಕೆಳಗಿಟ್ಟರು.

"ಇದು ನನ್ನ ಗೇಟಲ್ವಾ?"

"ಕೇಳೋ ಹಂಗಿಲ್ಲ ಬೆಳ್ಯಪ್ಪಣ್ಣ. ಕಾನೂನು."

"ನನ್ನ ತೋಟಕ್ಕೆ ನನ್ನನ್ನೇ ಕಳ್ಳನ ಹಾಗೆ ಕರ್ಕೊಂಡು ಹೋಗ್ತೀಯಲ್ಲ!"

ಮಂಡಿನೋವಿನಿಂದಾಗಿ ಅವರು ಆ ಗುಡ್ಡದಂಚಿಗೆ ಹೋಗದೆ ಬಹಳ ಕಾಲವಾಗಿತ್ತು. ಧರ್ಮೇಂದ್ರನ ಭುಜ ಹಿಡಿದು ಏದುಸಿರು ಬಿಡುತ್ತ ಹತ್ತಿ, ಬಿಳಿಯ ಪಟ್ಟೆಯನ್ನು ಕಂಡಾಗ ಅವರು ಕೈ ಚಾಚಿ ಒಂದು ಹೂವನ್ನು ಮುಟ್ಟಿ ನೋಡಿದರು. ಮಳೆಯೂ ಬೀಳದೆ, ಯಾರೂ ನೀರೂ ಹಾಕದೆ ಅರಳಿದ ಕಾಫಿಯನ್ನು ಅವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ಹಂಸ ಚಪ್ಪಲಿ ಬಿಚ್ಚಿ ಬದಿಗಿಟ್ಟ, ಏಕೆಂದು ಅವನಿಗೇ ಗೊತ್ತಿರಲಿಲ್ಲ. ಪ್ರೇಮಾವತಿ ತನ್ನ ಲೆಕ್ಕಾಚಾರ ಬಿಡಿಸಿ ಹೇಳಿದಳು. ನೆಲದಡಿ ನೀರು, ನೀರಿಗೊಂದು ದಾರಿ, ಆ ದಾರಿ ತೋಡಿದವನು ದೊರೆ. ಬೆಳ್ಯಪ್ಪ ಮೀಸೆ ನೀವಿಕೊಂಡು, "ಅಗಿ" ಎಂದರು.

ಗಿಡಗಳ ಬೇರಿಗೆ ಪೆಟ್ಟಾಗದಂತೆ ಸಾಲಿನ ನಡುವೆ ಅಗೆದರು. ಮಣ್ಣು ಒದ್ದೆಯಾಗಿತ್ತು. ಆಳಕ್ಕೆ ಹೋದಷ್ಟೂ ಒದ್ದೆ. ಧರ್ಮೇಂದ್ರನ ಪಿಕಾಸಿ ಒಮ್ಮೆ ಠಣ್ ಎಂದಿತು.

"ಕಬ್ಬಿಣ!" ಎಂದ ಅವನು.

"ಪೆಟ್ಟಿಗೆ!" ಎಂದ ಹಂಸ.

ಬೆಳ್ಯಪ್ಪ ಮಂಡಿನೋವು ಮರೆತು ಹೊಂಡದ ಅಂಚಿಗೆ ಬಾಗಿದರು. "ಇನ್ನೊಂದು ಹಾಕು, ಮೆಲ್ಲಗೆ."

ಧರ್ಮೇಂದ್ರ ಹಾಕಿದ. ಮೆಲ್ಲಗೆ ಹಾಕಲಿಲ್ಲ.

ನೀರು ಚಿಮ್ಮಿ ನೆರಳಿಗಿದ್ದ ಸಿಲ್ವರ್ ಓಕ್ ಮರದ ಎತ್ತರಕ್ಕೆ ಏರಿ, ಬೆಳ್ಯಪ್ಪನವರ ಮೀಸೆಯ ಮೇಲೆಯೇ ಇಳಿಯಿತು. ಹಂಸ ಹಿಂದಕ್ಕೆ ಜಿಗಿದು ಕೆಸರಿನಲ್ಲಿ ಕೂತ. ಧರ್ಮೇಂದ್ರ ಪಿಕಾಸಿ ಬಿಟ್ಟು ಎರಡೂ ಅಂಗೈಯಿಂದ ನೀರನ್ನು ಒತ್ತಿ ಹಿಡಿಯಲು ಹೋಗಿ, ಅದನ್ನು ನಾಲ್ಕು ದಿಕ್ಕಿಗೂ ಹಂಚಿದ. ಬಿಸಿಲಲ್ಲಿ ಆ ಹನಿಗಳು ಹೊಳೆಯುತ್ತ ಬೀಳುತ್ತಿದ್ದವು. ಉದುರಿದ ಕಾಫಿ ಹೂಗಳು ಎಲ್ಲರ ತಲೆಗೆ ಅಂಟಿಕೊಂಡವು.

"ಇದು ನಮ್ಮಪ್ಪ ಹಾಕಿಸಿದ ಪೈಪು!" ಎಂದು ಬೆಳ್ಯಪ್ಪ ಕೂಗಿದರು. ತಂದೆಯ ಕಾಲದ ಹಳೆಯ ಕಬ್ಬಿಣದ ಲೈನು. ಅದು ಬಳಕೆ ತಪ್ಪಿ, ಎಲ್ಲಿ ಹೋಗುತ್ತದೆಂಬುದೇ ಮರೆತುಹೋಗಿತ್ತು. ಮೋಟರು ಕೂರಿಸಿದವನು ಅದರ ವಾಲ್ವನ್ನು ತೆರೆದೇ ಬಿಟ್ಟು ಹೋಗಿದ್ದ. ಮನೆಯ ಟ್ಯಾಂಕಿಗೆ ಹೋಗಬೇಕಾದ ನೀರೆಲ್ಲ ತುಕ್ಕುಹಿಡಿದ ಪೈಪಿನ ತೂತುಗಳಲ್ಲಿ ಸೋರಿ ಈ ಗಿಡಗಳಿಗೆ ಹೂಮಳೆಯಾಗಿತ್ತು.

ಮೊದಲು ನಕ್ಕದ್ದು ಯಾರೆಂದು ಹೇಳುವುದು ಕಷ್ಟ. ಅವರು ನೀರಿನಡಿಯಲ್ಲಿ ನಿಂತೇ ನಕ್ಕರು. ನಗು ಸ್ವಲ್ಪ ತಗ್ಗಿದಾಗ ಪ್ರೇಮಾವತಿಗೆ ಕಾನೂನು ನೆನಪಾಯಿತು.

"ನೋಡಿ, ನಾನು ಏನಂದಿದ್ದೆ? ಕೆಳಗೆ ನೀರಿದೆ, ಮನುಷ್ಯ ತೋಡಿದ ದಾರಿ ಇದೆ ಅಂದೆ. ನೀರಿಲ್ವಾ? ದಾರಿ ಇಲ್ವಾ?"

"ಚಿನ್ನ?" ಎಂದರು ಬೆಳ್ಯಪ್ಪ, ಮೀಸೆ ಹಿಂಡುತ್ತ.

"ನಿಮ್ಮ ಟ್ಯಾಂಕು ಯಾಕೆ ತುಂಬಲ್ಲ ಅಂತ ಕಂಡುಹಿಡ್ದು ಕೊಟ್ಟೆನಲ್ಲ ಬೆಳ್ಯಪ್ಪಣ್ಣ!"

"ಅದಕ್ಕೆ ನಿನಗೆ ಒಂದು ಗೊನೆ ಬಾಳೆ ಕಳಿಸ್ತೇನೆ. ಕಾನೂನು ಬೇರೆ."

ಬಾಳೆಗೊನೆ ಬಂತು. ಭಾನುವಾರವೂ ಬಂತು. ಪ್ರೇಮಾವತಿ ಬೆಂಚಿನಲ್ಲಿ ತನ್ನ ಜಾಗದಲ್ಲೇ ಕೂತಳು, ತುಟಿ ಬಿಗಿದುಕೊಂಡು. ಹಂಸ ದೊರೆಯ ಹೆಂಡತಿಗೆ ತಪ್ಪು ಹೆಸರಿಟ್ಟಾಗ ಅವಳು ಸೆರಗಿನ ತುದಿ ಕಚ್ಚಿದಳು. ಮುಂದಿನ ವಾರ ಬೆಳ್ಯಪ್ಪನವರ ಕುದುರೆ ಮತ್ತೆ ಬಿಳಿಯಾಯಿತು. ಅವಳು ಎದ್ದು ಹೋಗಿ ಒಲೆಯ ಮುಂದೆ ನಿಂತಳು. ಟೀ ಕುಡಿಯಲು ಬಂದವರು, "ಹುಷಾರಿಲ್ವಾ ಅಕ್ಕ?" ಎಂದು ಕೇಳಿದರು. ರಾತ್ರಿ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿಕೊಳ್ಳುತ್ತಿದ್ದಳು, ಆದರೆ ಅವನು ಕೇಳುತ್ತ ಕೇಳುತ್ತ ನಿದ್ದೆಹೋಗುತ್ತಿದ್ದ. ಬೆಂಚಿನ ಕಿವಿಗಳೇ ಬೇರೆ.

ಹೂಮಳೆ ಬಿದ್ದು ಇಡೀ ಸೀಮೆಯ ಕಾಫಿ ಅರಳಿದ ವಾರ, ಬೆಳ್ಯಪ್ಪನವರ ನೆಂಟರೊಬ್ಬರು ಚೆಟ್ಟಳ್ಳಿಯಿಂದ ಬಂದರು. ಪೈಪಿನ ಸುದ್ದಿ ಅಲ್ಲಿಗೂ ಹೋಗಿತ್ತು. "ಅದೆಂತ ಕತೆ, ಹೇಳಿ ನೋಡುವ" ಎಂದು ಅವರು ಬೆಂಚಿನಲ್ಲಿ ಕೂತರು.

ಧರ್ಮೇಂದ್ರ ಶುರುಮಾಡಿದ. "ಎಂತ ಇಲ್ಲ, ನಾವು ಅಗೆದ್ವಿ, ಪೈಪು ಒಡೀತು, ನೀರು ಬಂತು."

ನೆಂಟರು ಕಾದರು. ಕತೆ ಅಷ್ಟೇ ಆಗಿತ್ತು.

ಹಂಸ ಸರಿಪಡಿಸಲು ಹೋಗಿ ನಡುವೆ ಒಂದು ಆನೆಯನ್ನು ತಂದ. ಬೆಳ್ಯಪ್ಪ ಆನೆಯನ್ನು ಓಡಿಸಿ, "ನನಗೆ ಮೊದಲೇ ಸಂಶಯ ಇತ್ತು, ಅದಕ್ಕೇ ನಾನು ದೂರ ನಿಂತಿದ್ದೆ" ಎಂದರು.

ಒಲೆಯ ಬಳಿ ಒಂದು ಗ್ಲಾಸು ಸದ್ದುಮಾಡಿತು. ಮತ್ತೊಂದು ಇನ್ನೂ ಜೋರಾಗಿ. ಶಿವಪ್ರಕಾಶ್ ಮೈದಾ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದ. "ಬೆಳ್ಯಪ್ಪಣ್ಣ, ನಿಮಗೆ ಕೈ ಮುಗಿತೀನಿ, ಇವಳ ಬಾಯಿ ಬಿಡಿಸಿ. ಇಲ್ಲಾಂದ್ರೆ ಹೋಟೆಲಲ್ಲಿ ಒಂದು ಗ್ಲಾಸೂ ಉಳಿಯಲ್ಲ."

"ಬಿಡಿಸ್ಲಿಕ್ಕೆ ನಾನ್ಯಾರು? ಮಾತಾಡಿದ್ರೆ ವರ್ಷ ಪುನಃ ಇವತ್ತಿಂದ ಶುರು. ಅವಳ ಇಷ್ಟ."

ಪ್ರೇಮಾವತಿ ಬೆಂಚಿನ ಕಡೆ ನೋಡಿದಳು. ಸುಮ್ಮನೆ ಕಳೆದ ಭಾನುವಾರಗಳೆಲ್ಲ ನೀರಿನಲ್ಲಿ ಹೋಮ. ಮುಂದೆ ಮತ್ತೆ ಅಷ್ಟೂ. ನೆಂಟರು ಪಾಪ, ಆನೆ ಇತ್ತೋ ಇಲ್ಲವೋ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಅವಳು ಕೆಟಲನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದಳು. "ಒಂದು ವರ್ಷ ತಾನೆ? ಆಗ್ಲಿ, ನಾಳೆಯಿಂದ. ಸರಿ ಕೂತ್ಕೊಳ್ಳಿ ಎಲ್ರೂ."

ಅವಳು ಖಾಲಿ ಪಾತ್ರೆ ಹೊತ್ತ ಬಿಸಿಲಿನಿಂದ ಶುರುಮಾಡಿದಳು. ಬಾಯಾರಿದ ಮೊಗ್ಗು, ಗಾಳಿಯಲ್ಲಿ ಬಂದ ಆ ವಾಸನೆ, ಒಂದೇ ಪಟ್ಟೆಯಲ್ಲಿ ಮೊರೆಯುವ ಜೇನು. ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗೆ ಒರಗಿದರು. ಬೆಳ್ಯಪ್ಪ, ತಮ್ಮ ಗೇಟಿನ ಮಾತು ಬರುವುದನ್ನೇ ಕಾಯುತ್ತ, ಮೀಸೆಯೊಳಗೆ ಆಗಲೇ ನಗುತ್ತಿದ್ದರು.

"ಆಮೇಲೆ ಪೈಪು—" ಎಂದು ಧರ್ಮೇಂದ್ರ ಬಾಯಿ ಹಾಕಿದ.

"ತಡಿಯೋ," ಎಂದಳು ಪ್ರೇಮಾವತಿ, "ನಾವಿನ್ನೂ ಜೀಪೇ ಹತ್ತಿಲ್ಲ."