ಜರಾ ಬಾಜೂಕ್ಕ ಸರೀರಿ

ಜೀವಮಾನದಲ್ಲಿ ನೀನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ, ದೇವರ ಹೆಸರು ಹೇಳಿಬಿಡೋಣ ಅನ್ನಿಸುತ್ತದೆ. ಆದರೆ ಈ ವಯಸ್ಸಿನಲ್ಲಿ ಸುಳ್ಳೇಕೆ? ನಾನು ಅತಿ ಹೆಚ್ಚು ಆಡಿದ ಮಾತು 'ಜರಾ ಬಾಜೂಕ್ಕ ಸರೀರಿ'. ಬೀದರಿನಲ್ಲಿ ಹೀಗೆ, ಮೈಸೂರಿನ ಕಡೆ ಹೋದಾಗ 'ಸ್ವಲ್ಪ ಪಕ್ಕಕ್ಕೆ ಬರ್ತೀರಾ' ಎಂದು ನಯ ಮಾಡಿ, ಇನ್ನೂ ದೂರ ಹೋದಾಗ ಬರೀ ಕೈಸನ್ನೆಯಲ್ಲಿ. ಮದುಮಕ್ಕಳನ್ನು ಸರಿಸಿದ್ದೇನೆ, ಪೊಲೀಸರನ್ನು ಸರಿಸಿದ್ದೇನೆ, ಒಮ್ಮೆ ಒಂದು ಎಮ್ಮೆಯನ್ನು ಸರಿಸಲು ಹೋಗಿ ಅದೇ ನನ್ನನ್ನು ಸರಿಸಿದ್ದೂ ಉಂಟು.

ಊರೂರು ತಿರುಗಿ ಫೋಟೋ ತೆಗೆಯುವುದು ನನ್ನ ಕಸುಬು. ಕ್ಯಾಲೆಂಡರಿನಲ್ಲೋ, ಪ್ರವಾಸದ ಪತ್ರಿಕೆಯಲ್ಲೋ, ಯಾವುದೋ ಹೋಟೆಲಿನ ಲಿಫ್ಟಿನ ಪಕ್ಕದಲ್ಲೋ ನನ್ನ ಚಿತ್ರ ನೀವು ನೋಡಿರಬಹುದು. ಹೆಸರು ನೋಡಿರಲಿಕ್ಕಿಲ್ಲ, ಅದನ್ನು ಓದಲು ಭೂತಗನ್ನಡಿ ಬೇಕು. "ತಿರಗೂದೇ ಕೆಲಸ ಅಂದ್ರ ಪುಣ್ಯ ಮಾಡೀರಿ ಬಿಡ್ರಿ" ಎಂದು ನೆಂಟರು ಹೊಟ್ಟೆಕಿಚ್ಚುಪಡುತ್ತಾರೆ. ಈ ಕೆಲಸದಲ್ಲಿ ತಿರುಗುವುದು ಕಡಿಮೆ, ಕೂರುವುದೇ ಹೆಚ್ಚು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಮೋಡ ಸರಿಯಲಿ ಎಂದು ಕೂರುವುದು, ಬಿಸಿಲು ಇಳಿಯಲಿ ಎಂದು ಕೂರುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೆಂಪು ಅಂಗಿ ತೊಟ್ಟ ಆ ಮಹಾನುಭಾವ ಕಮಾನಿನ ಕೆಳಗಿಂದ ಎದ್ದು ಹೋಗಲಿ ಎಂದು ಕೂರುವುದು. ಎಲ್ಲ ಐತಿಹಾಸಿಕ ಸ್ಥಳಗಳಲ್ಲೂ ಒಬ್ಬ ಕೆಂಪು ಅಂಗಿಯವನು ಇದ್ದೇ ಇರುತ್ತಾನೆ. ಅವನು ಒಬ್ಬನೇ ಇರಬೇಕು, ನನ್ನ ಹಿಂದೆಯೇ ಬಸ್ಸು ಹತ್ತಿ ಬರುತ್ತಾನೆ ಎಂಬುದು ನನ್ನ ಬಹುದಿನದ ಗುಮಾನಿ.

ಹಳೆಯ ಕಾಲದ ಚಿತ್ರಗಾರರು ಗುಂಬಜ್ ಬರೆದರೆ ಅದರ ಬುಡದಲ್ಲಿ ಒಬ್ಬ ಪುಟ್ಟ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ತಲೆಗೆ ರುಮಾಲು, ಕೈಯಲ್ಲಿ ಕೋಲು. ಗುಂಬಜ್ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಅವನು ಬೇಕು. ನಾವು ಕ್ಯಾಮೆರಾದವರು ಬಂದು ಮೊದಲು ಮಾಡಿದ ಕೆಲಸ ಅವನನ್ನು ಓಡಿಸಿದ್ದು. ಪ್ರವಾಸದ ಚಿತ್ರದಲ್ಲಿ ಕಟ್ಟಡ ನಿನ್ನೆ ಕಟ್ಟಿದಂತಿರಬೇಕು, ಜನ ಇವತ್ತು ಬೆಳಗ್ಗೆ ಊರು ಬಿಟ್ಟಂತಿರಬೇಕು. ಇದು ಬೀದರಿನಲ್ಲಿ ಆಗುವ ಮಾತಲ್ಲ. ಇಲ್ಲಿ ಕೋಟೆಯೊಳಗೆ ಕ್ರಿಕೆಟ್ ನಡೆದಿರುತ್ತದೆ, ಬುರುಜಿನ ಮೇಲೆ ಜೋಡಿಗಳು ಕೂತಿರುತ್ತವೆ, ಅಷ್ಟೂರಿನಲ್ಲಿ ಸುಲ್ತಾನರ ಗೋರಿಗಳ ಸುತ್ತ ಆಡುಗಳು ಮೇಯುತ್ತಿರುತ್ತವೆ. ಹಾಗಾಗಿ ನನ್ನ ಬಾಯಿಗೆ ಬಿಡುವಿರಲಿಲ್ಲ.

ನಾನು ಕೆಲಸ ಕಲಿತದ್ದು ಭಾಲ್ಕಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಒಂದು ಸ್ಟುಡಿಯೋದಲ್ಲಿ. ಮಾಲೀಕರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಹಲಬರ್ಗಾ, ಮೆಹಕರದ ಕಡೆಯ ಮದುವೆಗಳೆಲ್ಲ ನಮ್ಮವೇ. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಬೀಗರ ಕಡೆಯವರು ಗುಂಪುಗುಂಪಾಗಿ ಬಂದು, "ನಮ್ಮದೂ ಒಂದ್ ತೆಗೀರಿ" ಎಂದು ಎದೆ ಸೆಟೆಸಿ ನಿಲ್ಲುತ್ತಿದ್ದರು. ಉಸ್ತಾದರು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ರೀಲಿಗೆ ಕೈ ಹಚ್ಚದೆ ಬರೀ ಫ್ಲ್ಯಾಶ್ ಹೊಡೆದುಬಿಡುತ್ತಿದ್ದರು. ಫಳ್ ಎಂದು ಬೆಳಕು ಬಿದ್ದರೆ ಸಾಕು, ಮಂದಿ ಖುಷಿ. ಇದಕ್ಕೆ ನಮ್ಮ ಕಸುಬಿನಲ್ಲಿ ಖಾಲಿ ಫ್ಲ್ಯಾಶ್ ಎಂದು ಹೆಸರು. ಆದರೆ ಉಸ್ತಾದರಿಗೆ ಅದರದ್ದೂ ಒಂದು ಧರ್ಮವಿತ್ತು. "ಖಾಲಿ ಫ್ಲ್ಯಾಶ್ ಮಾರ್ನಾ ಗುನಾಹ್ ನೈ ರೇ, ಫೋಟೋ ಪೂಛ್ನೆಕು ಆಯೇ ತೋ ಮೂಂ ನಕ್ಕೋ ಛುಪಾ" ಎನ್ನುತ್ತಿದ್ದರು. ಖಾಲಿ ಹೊಡೆದದ್ದು ಪಾಪವಲ್ಲ, ಫೋಟೋ ಕೇಳಲು ಬಂದವರಿಗೆ ಮುಖ ಮರೆಸಿದರೆ ಪಾಪ.

ಅವರ ಇನ್ನೊಂದು ಹಟವೆಂದರೆ ರೀಲಿನ ಒಂದು ತುಂಡನ್ನೂ ಬಿಸಾಡಬಾರದು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಕ್ಯಾಮೆರಾಕ್ಕೆ ಹೊಸ ರೀಲು ಹಾಕುವಾಗ ಅದರ ತುದಿ ಬೆಳಕಿಗೆ ಬಿದ್ದು ಉರಿದುಹೋಗುತ್ತಿತ್ತು. ಅದಕ್ಕೆ ಮೊದಲ ಎರಡು ಸಲ ಎತ್ತಲೋ ತಿರುಗಿಸಿ ಸುಮ್ಮನೆ ಬಟನ್ ಒತ್ತಿ ರೀಲನ್ನು ಮುಂದಕ್ಕೆ ಸರಿಸಬೇಕು. ಆ ಎರಡು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದ ಆ ಎರಡನ್ನೂ ಕತ್ತರಿಸದೆ ನೆಗೆಟಿವ್ ಜೊತೆಗೇ ಇಡಬೇಕು ಎಂಬುದು ಉಸ್ತಾದರ ಕಟ್ಟಪ್ಪಣೆ. ಯಾಕೆ ಎಂದು ಕೇಳಿದರೆ ತಲೆಗೆ ಮೊಟಕುತ್ತಿದ್ದರು. ಅವರು ಹೋಗಿ ಎಷ್ಟೋ ಕಾಲವಾಯಿತು. ಸ್ಟುಡಿಯೋ ಇದ್ದ ಕಡೆ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಭಾಲ್ಕಿಗೆ ಹೋದಾಗಲೆಲ್ಲ ಅದರ ಮುಂದೆ ನಿಂತು, ಫೋಟೋ ತೊಳೆಯುವ ಹೈಪೋದ ಹುಳಿ ವಾಸನೆ ಬರುತ್ತದೇನೋ ಎಂದು ಮೂಗು ಅರಳಿಸುತ್ತೇನೆ. ಅಂಗಡಿಯವನು ನೆಗಡಿ ಅಂದುಕೊಂಡು ಅತ್ತ ತಿರುಗುತ್ತಾನೆ.

ಈಗ ಅಸಲು ಕಥೆಗೆ ಬರುತ್ತೇನೆ. ಒಂದು ದೊಡ್ಡ ಕ್ಯಾಲೆಂಡರಿಗೆ ಅಷ್ಟೂರಿನ ಗುಂಬಜ್ ಬೇಕಾಗಿತ್ತು. ಸಿಡಿಲು ಬಡಿದು ಅರ್ಧ ಸೀಳಿಹೋಗಿ, ಉಳಿದರ್ಧ ಹಾಗೇ ನಿಂತಿದೆಯಲ್ಲ, ಅದು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಿತ್ತು. ಹೋಗಿ ನೋಡಿದರೆ ಗುಂಬಜಿನ ಸರಿಯಾಗಿ ಮುಂದೆ ಒಂದು ಸೈಕಲ್ಲು, ಅದರ ಮೇಲೆ ಸೀತಾಫಲದ ಬುಟ್ಟಿ, ಪಕ್ಕದಲ್ಲಿ ಗುಲಾಬಿ ರುಮಾಲಿನ ಒಬ್ಬ ತೆಳ್ಳನೆಯ ಮನುಷ್ಯ. ಜನವಾಡದಿಂದ ಹಣ್ಣು ಮಾರಲು ಬಂದವನು, ಹೆಸರು ಕಾಶೀನಾಥ. ಸರೀರಿ ಎನ್ನುವುದರೊಳಗೆ ಅವನು ಕ್ಯಾಮೆರಾ ನೋಡಿಬಿಟ್ಟ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, ಮತ್ತೆ ಹೊಸದಾಗಿ ಸುತ್ತಿಕೊಂಡ, ಮೀಸೆ ತಿದ್ದಿದ, ಬುಟ್ಟಿಯ ಮೇಲೆ ಕೈಯಿಟ್ಟು ನಿಂತ. "ತೆಗೀರಿ ಸರ" ಎಂದ.

ನಾನು ಆಗ ತಾನೆ ಹೊಸ ರೀಲು ಹಾಕಿದ್ದೆ. ಹೇಗೂ ಎರಡು ಹಾಳಾಗಬೇಕಲ್ಲ, ಆ ಎರಡನ್ನೂ ಅವನ ಕಡೆ ತಿರುಗಿಸಿ ಒತ್ತಿದೆ. ಅಷ್ಟಕ್ಕೇ ಬಿಡಬೇಕಿತ್ತು. "ಕ್ಯಾಲೆಂಡರಿನ್ಯಾಗ ಬರ್ತದ ನೋಡ್ರಿ" ಎಂದೂ ಹೇಳಿದೆ. ಆಮೇಲೆ ನನ್ನ ನಿತ್ಯಮಂತ್ರ ಪಠಿಸಿದೆ. ಅವನು ಖುಷಿಯಿಂದ ಸೈಕಲ್ಲು ತಳ್ಳಿಕೊಂಡು ಬಾಜೂಕ್ಕ ಸರಿದ, ನನ್ನ ಕೈಯಲ್ಲಿ ಎರಡು ಹಣ್ಣನ್ನೂ ಇಟ್ಟ. ಖಾಲಿ ಗುಂಬಜ್ ಬಹಳ ಚೆನ್ನಾಗಿ ಬಂತು. ಕ್ಯಾಲೆಂಡರು ಬಂದಾಗ ನಾಲ್ಕು ಜನ ಭೇಷ್ ಅಂದರು. ಹಣ್ಣೂ ಸಿಹಿಯಾಗಿತ್ತು, ಮರೆತುಬಿಟ್ಟೆ.

ಇಪ್ಪತ್ತೈದು ವರ್ಷವೇ ಕಳೆದಿರಬೇಕು. ಹೋದ ವರ್ಷ ಔರಾದಿನಲ್ಲಿ ಒಂದು ಹಳೆಯ ಮನೆಯ ಬಾಗಿಲಿನ ಚಿತ್ರ ತೆಗೆಯುತ್ತಿದ್ದೆ. ಹಿತ್ತಾಳೆ ಮೊಳೆಗಳ ಭಾರೀ ಬಾಗಿಲು. ಅದರ ಮುಂದೆ ಚಹಾ ಕುಡಿಯುತ್ತ ನಿಂತವರಿಗೆ ಎಂದಿನಂತೆ, "ಜರಾ ಬಾಜೂಕ್ಕ ಸರೀರಿ" ಎಂದೆ. ಎದುರಿನ ಚಹಾ ಅಂಗಡಿಯ ಮುದುಕ ಕೆಟಲ್ ಕೆಳಗಿಟ್ಟು ನನ್ನನ್ನೇ ನೋಡಿದ.

"ಈ ಮಾತ ನಾ ಕೇಳೀನಿ. ಈ ದನೀನೂ ಕೇಳೀನಿ. ಅಷ್ಟೂರ ಗುಂಬಜ್‌ನಾಗ ನನಗ ಸರ್ಸಿದ್ದು ನೀವೇ ಅಲ್ರಿ?"

ರುಮಾಲು ಬಣ್ಣಗೆಟ್ಟಿತ್ತು, ಮೀಸೆ ಬೆಳ್ಳಗಾಗಿತ್ತು, ಆದರೆ ಕಾಶೀನಾಥನೇ. ಹೆಂಡತಿ ಕಮಳಾಬಾಯಿಯ ತವರೂರು ಔರಾದಿಗೆ ಬಂದು ನೆಲೆಸಿದ್ದ. ಕಥೆಯೆಲ್ಲ ಅಲ್ಲೇ ಹೊರಬಂತು. ಕ್ಯಾಲೆಂಡರಿನಲ್ಲಿ ಬರುತ್ತೇನೆ ಎಂದು ಅವನು ಜನವಾಡದಲ್ಲಿ ಮನೆಮನೆಗೂ ಹೇಳಿಕೊಂಡು ಬಂದಿದ್ದ. ಬೀದರಿನಿಂದ ಯಾರೋ ಕ್ಯಾಲೆಂಡರು ತಂದು ಕಟ್ಟೆಯ ಮೇಲೆ ಬಿಚ್ಚಿದರು. ಗುಂಬಜ್ ಇತ್ತು, ಕಾಶೀನಾಥ ಇರಲಿಲ್ಲ. ಆವತ್ತಿನಿಂದ ಅವನಿಗೆ 'ಕ್ಯಾಲೆಂಡರ್ ಕಾಶ್ಯಾ' ಎಂದೇ ಹೆಸರಾಯಿತು. ಊರಲ್ಲಿ ಯಾರಾದರೂ ದೊಡ್ಡ ಮಾತಾಡಿದರೆ, "ಏ, ಕಾಶ್ಯಾನ ಕ್ಯಾಲೆಂಡರ್ ಅದೇನೋ ಇದು?" ಎನ್ನುವುದು ಅಲ್ಲಿ ಗಾದೆಯೇ ಆಗಿಹೋಯಿತಂತೆ. ಊರು ಬಿಟ್ಟು ಬಂದರೂ ಹೆಸರು ಟಿಕೆಟ್ಟಿಲ್ಲದೆ ಔರಾದಿನ ಬಸ್ಸು ಹತ್ತಿ ಬಂದಿತ್ತು.

"ಸುಮ್ ಕೂಡ್ರಿ" ಎಂದು ಒಳಗಿನಿಂದ ಕಮಳಾಬಾಯಿ ಗದರಿದಳು. "ಬಂದ್ ಬಂದವರಿಗಿ ಅದೇ ಕಥಿ. ಪಾಪ, ಅವರು ಯಾರೋ ಏನೋ."

ಕಾಶೀನಾಥ ದನಿ ತಗ್ಗಿಸಿದ. "ಮಂದಿ ಅಂದದ್ದು ಬಿಡ್ರಿ ಸರ. ಈಗೀಗ ನನಗೇ ಅನುಮಾನ ಬರ್ಲತ್ತದ. ಖರೇನೇ ನಿಂತಿದ್ನೋ, ಕನಸ ಕಂಡೆನೋ? ನೀವು ಹೌದಲ್ರಿ? ಫೋಟೋ ಎಲ್ಲಿ ಅದರಿ?"

ಹೌದು ಎಂಬ ಎರಡಕ್ಷರ ಸಾಕಿತ್ತು. ಎಂಟು ಜನ ಚಹಾ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೌದು ಎಂದರೆ ಫೋಟೋ ಕೊಡಬೇಕು, ಫೋಟೋ ಇಲ್ಲವೆಂದರೆ ಯಾಕಿಲ್ಲ ಎಂದು ಹೇಳಬೇಕು. "ಭಾಳ ವರ್ಷ ಆಯ್ತು, ನೆನಪಿಲ್ಲ. ಹುಡುಕಿ ನೋಡ್ತೇನಿ" ಎಂದೆ. ಅವನ ಮುಖ ಸಣ್ಣದಾಯಿತು. ಯಾರೋ ಕಿಸಕ್ಕೆಂದರು. ಆ ಬಾಗಿಲಿನ ಚಿತ್ರ ತೆಗೆದೆನೋ ಇಲ್ಲವೋ, ಈಗಲೂ ನೆನಪಿಲ್ಲ.

ಬೀದರಿಗೆ ವಾಪಸು ಬರುವ ಬಸ್ಸು ಜನವಾಡದಲ್ಲಿ ನಿಂತಿತು. ಕಟ್ಟೆಯ ಮೇಲೆ ಕೂತ ಮಂದಿಯನ್ನು ನೋಡಿ ನನಗೆ ನಾಚಿಕೆಯಾಯಿತು, ನಿಜಕ್ಕೂ ನಾಚಿಕೆಯಾಯಿತು. ಉಸ್ತಾದರು ಎದುರಿಗಿದ್ದಿದ್ದರೆ ಮೊಟಕುತ್ತಿರಲಿಲ್ಲ, ಕೈ ಮುರಿಯುತ್ತಿದ್ದರು. ಮನೆಗೆ ಬಂದವನೇ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಮೂರು ದಿನ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಎಷ್ಟು ಊರು, ಎಷ್ಟು ಕೋಟೆ, ಎಷ್ಟು ಸೂರ್ಯಾಸ್ತ! ಮೂವತ್ತು ವರ್ಷದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೆ ಪ್ರತಿ ರೀಲಿನ ಮೊದಲ ಎರಡು ತುಂಡುಗಳಲ್ಲಿ, ಬೆಳಕು ಉರಿಸದೆ ಬಿಟ್ಟ ಕಡೆ, ಜನರಿದ್ದರು. ಲಾಡ್ಜಿನ ಮ್ಯಾನೇಜರು, ಕಡಲೆ ಮಾರುವವಳು, ಬಸ್ಸಿನ ಡ್ರೈವರು, ಒಂದರಲ್ಲಿ ಭಾಲ್ಕಿಯ ಸ್ಟುಡಿಯೋ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತ ಉಸ್ತಾದರು. ನಾನು ನೋಡದೆ ಒತ್ತಿದ್ದೆಲ್ಲ ಅಲ್ಲಿತ್ತು. ಉಸ್ತಾದರನ್ನು ನೋಡಿ ಅತ್ತುಬಿಟ್ಟೆ. ಹೆಂಡತಿ ಬಂದು, ಕಣ್ಣಿಗೆ ಧೂಳು ಬಿತ್ತೇನ್ರಿ ಎಂದು ಕೇಳಿದಳು. ಹೌದೆಂದೆ.

ಮೂರನೆಯ ದಿನ ಕಾಶೀನಾಥ ಸಿಕ್ಕ. ಮೊದಲ ಫ್ರೇಮು ಪೂರ್ತಿ ಉರಿದುಹೋಗಿತ್ತು. ಎರಡನೆಯದು ಅರ್ಧ. ಎಡಕ್ಕೆ ಅರ್ಧ ರುಮಾಲು, ಒಂದು ಕಣ್ಣು, ಮೀಸೆಯ ಒಂದು ತುದಿ, ಬುಟ್ಟಿಯ ಮೇಲಿನ ಕೈ. ಬಲಕ್ಕೆ ಬರೀ ಬಿಳುಪು, ಅದರ ಅಂಚಿಗೆ ಕಿತ್ತಳೆ ಬೆಳಕು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಔರಾದಿನ ಬಸ್ಸು ಹತ್ತಿದೆ.

ಚಹಾದ ಮಂದಿಯ ಮುಂದೆಯೇ ಬಿಚ್ಚಿದೆ. ಕಾಶೀನಾಥ ಗಾಜಿನ ಮೇಲೆ ಬೆರಳಿಟ್ಟು ಆ ಕೈಯನ್ನು ಮುಟ್ಟಿದ, ಆಮೇಲೆ ತನ್ನ ಕೈ ನೋಡಿಕೊಂಡ. ಕಮಳಾಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಬಗ್ಗಿ ನೋಡಿದಳು.

"ನಾ ಮೊದಲಿಂದ ಹೇಳಿಲ್ಲೇನು? ಇವರ ಮಾತ ಅರ್ಧ ಖರೆ ಇರ್ತದ!"

ಮಂದಿ ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿ ನಾನೂ ಜಾರಿಕೊಳ್ಳಬಹುದಿತ್ತು. ಆದರೆ ಉಳಿದರ್ಧ ಸುಳ್ಳು ಅವನದಲ್ಲ, ನನ್ನದಲ್ಲವೇ. ನಿಂತುಕೊಂಡೇ ಹೇಳಿಬಿಟ್ಟೆ: ಅದು ಹಾಳಾಗುವ ಫ್ರೇಮು ಎಂದು ಗೊತ್ತಿದ್ದೇ ಒತ್ತಿದ್ದು, ಕ್ಯಾಲೆಂಡರಿನಲ್ಲಿ ಬರುವುದಿಲ್ಲ ಎಂದು ಗೊತ್ತಿದ್ದೇ ಬರುತ್ತದೆ ಎಂದದ್ದು, ಮೊನ್ನೆ ನೆನಪಿದ್ದೇ ನೆನಪಿಲ್ಲ ಎಂದದ್ದು.

ಕಾಶೀನಾಥ ಫೋಟೋವನ್ನು ಎತ್ತಿ ಹಿಡಿದು, "ನೀವು ಝೂಟ್ ಹೇಳಿದ್ರಿ. ನಿಮ್ಮ ಮಷೀನ್ ಖರೆ ಹೇಳ್ತು ನೋಡ್ರಿ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದ. "ಅರ್ಧ ಗುಂಬಜ್ ನೋಡ್ಲಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ಅರ್ಧ ಕಾಶೀನಾಥ ಏನ್ ಕಮ್ಮಿ ಆದ?" ಅಂಗಡಿಯಲ್ಲಿ ದೇವರ ಪಟದ ಪಕ್ಕದ ಮೊಳೆ ಖಾಲಿಯೇ ಇತ್ತು, ಫೋಟೋವನ್ನು ಅದಕ್ಕೇ ತೂಗುಹಾಕಿದ. ಎಷ್ಟು ವರ್ಷದಿಂದ ಖಾಲಿ ಇತ್ತೋ, ನಾನು ಕೇಳಲಿಲ್ಲ.

ಆದರೆ ಅವನು ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಈಗ ಪೂರಾ ತೆಗೀಬೇಕು, ಅಲ್ಲೇ, ಅದೇ ಜಾಗಾದಾಗ" ಎಂದು ಹಟ ಹಿಡಿದ. ಮುಂದಿನ ಭಾನುವಾರ ಗಂಡ ಹೆಂಡತಿ ಬೀದರಿಗೆ ಬಂದರು. ಗುಂಬಜಿನ ಮುಂದೆ ಇಬ್ಬರನ್ನೂ ನಿಲ್ಲಿಸಿ ಬೇಕಾದಷ್ಟು ತೆಗೆದೆ. ಮುಗಿಯಿತು ಎನ್ನುವಾಗ ಕಾಶೀನಾಥ ಅಂಗಿಯ ಜೇಬಿನಿಂದ ಮೊಬೈಲು ತೆಗೆದು, "ಈಗ ನೀವು ನಿಂದರ್ರಿ" ಎಂದ.

ನಿಂತೆ. ಎದುರಿಗೆ ಕ್ಯಾಮೆರಾ, ಬೆನ್ನಿಗೆ ಗುಂಬಜ್. ಕಾಲುಗಳು ತಮ್ಮಷ್ಟಕ್ಕೆ ಪಕ್ಕಕ್ಕೆ ಸರಿಯತೊಡಗಿದವು.

"ಏ, ಎತ್ತ ಹೊಂಟ್ರಿ? ಬರೀ ಗುಂಬಜ್ ತಗೊಂಡು ನಾ ಏನ್ ಮಾಡ್ಲಿ? ನಡಬರಕ ನಿಂದರ್ರಿ, ಅಲ್ಲಾಡಬ್ಯಾಡ್ರಿ!"

ನಡುವೆ ಬಂದು ನಿಂತೆ. ತಲೆಗೂದಲು ತಿದ್ದಿಕೊಂಡೆ, ಹೊಟ್ಟೆ ಒಳಗೆಳೆದುಕೊಂಡೆ. ಆವತ್ತು ಅವನು ರುಮಾಲು ಯಾಕೆ ಬಿಚ್ಚಿ ಸುತ್ತಿಕೊಂಡ ಎಂದು ನನಗೆ ಈಗ ತಿಳಿಯಿತು. ಅವನು ಒತ್ತಿದ. ಕಮಳಾಬಾಯಿ ಮೊಬೈಲು ಕಸಿದುಕೊಂಡು ನೋಡಿ ಹಣೆ ಚಚ್ಚಿಕೊಂಡಳು. ಕಾಶೀನಾಥನ ದಪ್ಪ ಹೆಬ್ಬೆರಳು ಅಡ್ಡ ಬಂದು ನನ್ನ ಅರ್ಧ ಮುಖವನ್ನು ನುಂಗಿತ್ತು. "ಇನ್ನೊಂದ್ ತೆಗೀತೀನಿ ತಡೀರಿ" ಎಂದು ಅವನು ಗಡಬಡಿಸಿದ. ಬೇಡ ಎಂದೆ. ಅಲ್ಲೇ ನಿಂತು ನನ್ನ ಮೊಬೈಲಿಗೆ ಕಳಿಸಿಕೊಂಡೆ.

ಬೀದರಿನ ನನ್ನ ಮನೆಯ ಗೋಡೆಯಲ್ಲಿ ಈಗ ಇರುವುದು ಅದೊಂದೇ ಫೋಟೋ. ಬಂದವರು, ಹೆಬ್ಬೆರಳಿನ ಭಾಗ ಕತ್ತರಿಸಿದ್ದರೆ ಚಂದ ಇರುತ್ತಿತ್ತು ಎಂದು ಸಲಹೆ ಕೊಡುತ್ತಾರೆ. ಅದು ಫೋಟೋ ತೆಗೆದವರ ಬೆರಳು ರೀ, ಅವರನ್ನು ಹೇಗೆ ಸರೀರಿ ಅನ್ನಲಿ ಎಂದು ಕೇಳಿ ಚಹಾಕ್ಕೆ ಇಡುತ್ತೇನೆ.